ಉದ್ಯಾವರದ ಅಂಗಳದಲ್ಲಿ ರೇಸ್ ಬಗ್ಗಿ: ಬುಡ ಸೊಟ್ಟ, ಹೂಪ್ ನೆಟ್ಟಗೆ

ಕಳೆದ ಸಲ ಬರೆದದ್ದು ಮೇ ಕೊನೆಯಲ್ಲಿ. ಆಮೇಲೆ ಮಳೆ ಹಿಡಿಯಿತು, ಕೆಲಸ ನಿಂತಿತು. ಇಲ್ಲಿ ಉಡುಪಿ ಹತ್ತಿರದ ಉದ್ಯಾವರದಲ್ಲಿ ಜೂನ್, ಜುಲೈ ಅಂದರೆ ಶೀಟಿನ ಮಾಡಿನ ಕೆಳಗೆ ನಿಂತರೂ ಎರಚಲು ಒಳಗೆ ಬರುತ್ತದೆ, ನೆಲ ಒದ್ದೆ, ಒದ್ದೆ ನೆಲದ ಮೇಲೆ ನಿಂತು ವೆಲ್ಡಿಂಗ್ ಟಾರ್ಚ್ ಹಿಡಿಯುವ ಧೈರ್ಯ ನನಗಿಲ್ಲ. ಆಟಿ (ತುಳುವಿನ ಮಳೆಗಾಲದ ತಿಂಗಳು) ಮುಗಿದ ಮೇಲೆ ಟರ್ಪಾಲು ಸರಿಸಿ ನೋಡಿದರೆ ಎಣ್ಣೆ ಹಚ್ಚಿಟ್ಟ ಪೈಪ್‌ಗಳ ಮೇಲೂ ತೆಳ್ಳಗೆ ತುಕ್ಕು ಕೂತಿತ್ತು. ಕಡಲು ಇಷ್ಟು ಹತ್ತಿರ ಇದ್ದ ಮೇಲೆ ಇನ್ನೇನು.

ಮೊದಲಿಂದ ಓದದವರಿಗೆ ಸಣ್ಣದಾಗಿ ಹೇಳುತ್ತೇನೆ. ಒಂದು ಹಳೆಯ ಮಾರುತಿ 800ರ ಎಂಜಿನ್, ಗೇರ್‌ಬಾಕ್ಸ್, ಚಕ್ರ ಕೂರುವ ಹಬ್‌ಗಳು ನನ್ನ ಹತ್ತಿರ ಇವೆ. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್ ಇರುವುದು, ಸುಮಾರು 37 ಬಿಎಚ್‌ಪಿ. ಅದನ್ನು ಪೈಪ್‌ನ ಚೌಕಟ್ಟಿನಲ್ಲಿ ಡ್ರೈವರ್ ಬೆನ್ನ ಹಿಂದೆ ಕೂರಿಸಿ, ಮಣ್ಣಿನ ಆಟೋಕ್ರಾಸ್ ರೇಸಿಗೆ ಒಂಟಿ ಸೀಟಿನ ಬಗ್ಗಿ ಕಾರು ಮಾಡುವುದು. ರೋಡಿಗೆ ಇಳಿಸುವುದಕ್ಕಲ್ಲ. ವಾಹನವನ್ನು ಮನಬಂದಂತೆ ಬದಲಿಸಬಾರದು ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗೊತ್ತಿರುವವರು ಆ ಪ್ರಶ್ನೆ ಕೇಳುವುದಿಲ್ಲ. ಎಂಜಿನ್ ಹಿಂದಕ್ಕೆ ಹೋಗುವಾಗ ಮುಖ ತಿರುಗಿಸದೆ ಹಾಗೆಯೇ ಜರುಗಿಸಬೇಕು. ಒಬ್ಬ ಗೆಳೆಯ ಜಾಗ ಸಾಲುವುದಿಲ್ಲ ಎಂದು ತಿರುಗಿಸಿ ಇಡೋಣ ಅಂದಿದ್ದ. ಹಾಗೆ ಇಟ್ಟಿದ್ದರೆ ಹಿಂದಕ್ಕೆ ಹೋಗಲು ನಾಲ್ಕು ಗೇರ್, ಮುಂದಕ್ಕೆ ಒಂದೇ ಗೇರ್ ಸಿಗುತ್ತಿತ್ತು!

ಮಳೆಗಾಲ ಪೂರ್ತಿ ವೇಸ್ಟ್ ಆಗಲಿಲ್ಲ. ಮನೆಯೊಳಗೆ ಕೂತು ಹಿಡಿಸೂಡಿ (ಪೊರಕೆ) ಕಡ್ಡಿಯಲ್ಲಿ ಚಾಸಿಯ, ಅಂದರೆ ಪೈಪ್ ಚೌಕಟ್ಟಿನ ಮಾಡೆಲ್ ಮಾಡಿದೆ, ನಿಜ ಅಳತೆಯ ಹತ್ತನೇ ಒಂದು ಪಾಲು. ಕಡ್ಡಿ ತುಂಡು ಮಾಡಿ, ಗಂಟಿಗೆ ಫೆವಿಕ್ವಿಕ್ ಹಾಕಿ, ಒಣಗಿದ ಮೇಲೆ ಮುಂದಿನ ಎರಡು ಮೂಲೆಗಳನ್ನು ಬೆರಳಲ್ಲಿ ಹಿಡಿದು ತಿರುಚಿ ನೋಡುವುದು. ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಇತ್ತು, ಆದರೆ ಎಲ್ಲಿ ಮೆತ್ತಗಿದೆ ಎಂದು ಕೈಗೆ ಗೊತ್ತಾದದ್ದು ಇದರಲ್ಲೇ. ಎಂಜಿನ್ ಕೂರುವ ಜಾಗದಲ್ಲಿ ನಾನು ಬರೀ ಚೌಕ ಬಿಟ್ಟಿದ್ದೆ, ಎಂಜಿನ್ ಇಳಿಸಲು ತೆಗೆಯಲು ಸುಲಭ ಆಗಲಿ ಎಂದು. ತಿರುಚಿದ ಕೂಡಲೇ ಆ ಚೌಕ ಹಲಸಿನ ಹಣ್ಣಿನ ಸೊಳೆಯ ಹಾಗೆ ವಾಲಿತು. ಒಂದು ಓರೆ ಕಡ್ಡಿ ಅಂಟಿಸಿದೆ. ಮತ್ತೆ ತಿರುಚಿದರೆ ಅಲ್ಲಾಡಲಿಲ್ಲ. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ ಎಂದು ಶಾಲೆಯಲ್ಲೇ ಕಲಿತದ್ದು, ಆದರೂ ಮಾಡುವಾಗ ಮರೆತು ಹೋಗುತ್ತದೆ ಅಲ್ವಾ. ಈಗ ಅಲ್ಲಿ ಬೋಲ್ಟ್ ಬಿಚ್ಚಿ ತೆಗೆಯುವಂಥ ಓರೆ ಪೈಪ್ ಬರುತ್ತದೆ.

ಪೈಪ್ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಕೇಳುವುದು ಇದನ್ನೇ: ಗೇಟಿಗೆ ಹಾಕುವ ಪೈಪ್ ಆಗುವುದಿಲ್ಲವಾ? ಆಗುವುದಿಲ್ಲ. ಸತುವಿನ ಲೇಪ ಇರುವ ಜಿಐ ಪೈಪ್ ಅಂತೂ ಬೇಡವೇ ಬೇಡ, ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಡ್ರೈವರ್ ಸುತ್ತ ಬರುವ ರಕ್ಷಣೆಯ ಗೂಡಿಗೆ (ಕೇಜ್) ನಾನು ಕಾರ್ ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎ ನಿಯಮದ ಅಳತೆಯನ್ನೇ ಹಿಡಿದಿದ್ದೇನೆ: ಸೀಮ್‌ಲೆಸ್ (ಉದ್ದಕ್ಕೂ ಜೋಡಣೆಯ ಗೆರೆ ಇಲ್ಲದ), ಕೋಲ್ಡ್ ಡ್ರಾನ್ (ಬಿಸಿ ಮಾಡದೆ ಎಳೆದು ಮಾಡಿದ) ಕಾರ್ಬನ್ ಸ್ಟೀಲ್. ಬೆನ್ನ ಹಿಂದೆ ಕಮಾನಿನ ಹಾಗೆ ಬಾಗಿ ಬರುವ ಮೇನ್ ಹೂಪ್‌ಗೆ 45 ಮಿ.ಮೀ. ಅಗಲ, 2.5 ಮಿ.ಮೀ. ದಪ್ಪ. ಉಳಿದದ್ದಕ್ಕೆ 38 ಮಿ.ಮೀ., ದಪ್ಪ ಅಷ್ಟೇ. ಮೊದಲನೆಯದು ಮೀಟರಿಗೆ 2.6 ಕೆಜಿ ತೂಗುತ್ತದೆ, ಎರಡನೆಯದು 2.2. ಮಂಗಳೂರಿನ ಬೈಕಂಪಾಡಿಯಿಂದ ಆರು ಮೀಟರ್ ಉದ್ದದ ಪೈಪ್‌ಗಳನ್ನು ಪಿಕಪ್‌ನಲ್ಲಿ ತಂದದ್ದು ಬೇರೆಯೇ ಕಥೆ. ತುದಿಗೆ ಕಟ್ಟಿದ ಕೆಂಪು ಬಟ್ಟೆ ಪಡುಬಿದ್ರಿ ದಾಟುವಷ್ಟರಲ್ಲಿ ಹಾರಿ ಹೋಗಿತ್ತು.

ಮೊದಲ ಹೂಪ್ ಹಾಳಾಯಿತು. ಹತ್ತಿರದ ಒಂದು ವರ್ಕ್‌ಶಾಪ್‌ನಲ್ಲಿ ಹೈಡ್ರಾಲಿಕ್ ಬೆಂಡರ್ ಇತ್ತು, ಪ್ಲಂಬಿಂಗ್ ಪೈಪ್ ಬಗ್ಗಿಸುವಂಥದ್ದು. ನಾನೂ ಪಕ್ಕದಲ್ಲೇ ನಿಂತಿದ್ದೆ, ಹಾಗಾಗಿ ತಪ್ಪು ಅವರದ್ದೇ ಎನ್ನಲಾರೆ. ಪೈಪ್ ಬಗ್ಗಿತು, ಜೊತೆಗೆ ಚಪ್ಪಟೆಯೂ ಆಯಿತು. ಬಾಗಿದ ಜಾಗದಲ್ಲಿ ವರ್ನಿಯರ್ ಇಟ್ಟು ಅಳೆದರೆ ಒಂದು ಕಡೆ 47.5, ಇನ್ನೊಂದು ಕಡೆ 40.2. ಭಾಗಿಸಿದರೆ 0.85. ನಿಯಮದ ಪ್ರಕಾರ 0.9ಕ್ಕಿಂತ ಕೆಳಗೆ ಹೋಗುವಂತಿಲ್ಲ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು, ಅದೇ ಬೇಜಾರು. ಎರಡನೇ ಪೈಪನ್ನು ಮ್ಯಾಂಡ್ರೆಲ್ ಬೆಂಡರ್ ಇರುವಲ್ಲಿಗೆ ಒಯ್ದೆ. ಅದರಲ್ಲಿ ಪೈಪಿನ ಒಳಗೆ ಗುಂಡು ಕೂತಿರುತ್ತದೆ, ಪೈಪನ್ನು ಅಚ್ಚಿನ ಸುತ್ತ ಎಳೆದು ತಿರುಗಿಸುತ್ತಾರೆ, ಗೋಡೆ ಒಳಗೆ ಕುಸಿಯಲು ಜಾಗವೇ ಇರುವುದಿಲ್ಲ. ಬಾಗಿನ ತ್ರಿಜ್ಯ ಪೈಪಿನ ಅಗಲದ ಮೂರು ಪಟ್ಟಾದರೂ ಇರಬೇಕು, ಅಂದರೆ 135 ಮಿ.ಮೀ. ಇವರ ಅಚ್ಚು 150ರದ್ದು, ಸಾಕು. ಹಾಳಾದ ಹೂಪ್ ಈಗ ಬಾವಿಕಟ್ಟೆಯ ಪಕ್ಕ ನಿಂತಿದೆ, ಅಮ್ಮ ಅದಕ್ಕೆ ಬಸಳೆ ಬಳ್ಳಿ ಹಬ್ಬಿಸಿದ್ದಾರೆ.

ವೆಲ್ಡಿಂಗ್ ಕಲಿಸಿದ್ದು ಮಲ್ಪೆಯ ಬೋಟ್ ಯಾರ್ಡಿನ ಒಬ್ಬ ಅಣ್ಣ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ, ಆ ಎರಡು ತಿಂಗಳು ದಡಕ್ಕೆ ಬಂದ ಬೋಟುಗಳ ರಿಪೇರಿ ಇರುತ್ತದೆ, ಅವರಿಗೆ ಪುರುಸೊತ್ತೇ ಇಲ್ಲ. ಬೋಟುಗಳು ಕಡಲಿಗೆ ಇಳಿದ ಮೇಲೆ ಒಂದು ಭಾನುವಾರ ಬಂದರು. ನನ್ನ ಗಂಟುಗಳನ್ನು ನೋಡಿ ಏನೂ ಹೇಳಲಿಲ್ಲ. ನಾನು ಹೆಮ್ಮೆಯಿಂದ ತೋರಿಸಿದ ಸ್ಯಾಂಪಲ್ ಒಂದನ್ನು ವೈಸ್‌ಗೆ ಕಟ್ಟಿ, ಮೂರು ಏಟು ಸುತ್ತಿಗೆ ಹಾಕಿದರು. ಮೂರನೇ ಏಟಿಗೆ ಪೈಪ್ ಒಂದು ಕಡೆ, ವೆಲ್ಡ್ ಇನ್ನೊಂದು ಕಡೆ. ಪೈಪಿನ ಮೇಲೆ ಹೊಳೆಯುವ ಗೆರೆ ಬಿಟ್ಟರೆ ಏನೂ ಇಲ್ಲ, ಕರಗಿಯೇ ಇರಲಿಲ್ಲ.

"ಇದು ವೆಲ್ಡಿಂಗ್ ಅಲ್ಲ ಮಾರಾಯ, ಮೇಲಿಂದ ಮೇಣ ಮೆತ್ತಿದ್ದು" ಅಂದರು.

"ನೋಡಲು ಚಂದ ಇತ್ತಲ್ಲ ಅಣ್ಣ?"

"ಚಂದ ಇರಲಿಕ್ಕೆ ನೀನು ಮದುವೆ ಚಪ್ಪರ ಕಟ್ಟುತ್ತಿದ್ದೀಯಾ?"

ಕರೆಂಟ್ ಏರಿಸಿದೆವು. ನನ್ನದು ಸಿಂಗಲ್ ಫೇಸ್ ಮಿಗ್ ಮೆಷಿನ್ (ತಂತಿಯನ್ನೇ ಕರಗಿಸಿ ಬೆಸೆಯುವಂಥದ್ದು), 0.8 ಮಿ.ಮೀ. ವೈರ್. ಸಂಜೆ ಎಲ್ಲರ ಮನೆಯ ಪಂಪ್ ಶುರುವಾದರೆ ವೋಲ್ಟೇಜ್ 190ಕ್ಕೆ ಇಳಿಯುತ್ತದೆ, ಅದೇ ಸೆಟ್ಟಿಂಗ್‌ನಲ್ಲಿ ಬೆಳಿಗ್ಗೆ ಹಿಡಿದ ಗಂಟು ಸಂಜೆ ಹಿಡಿಯುವುದಿಲ್ಲ. ಇನ್ನೊಂದು ಕಡಲ ಗಾಳಿ. ಮಧ್ಯಾಹ್ನ ಗಾಳಿ ಎದ್ದರೆ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವ ಟಾರ್ಚಿನ ಸಿಒಟು ಗ್ಯಾಸ್ ಹಾರಿ ಹೋಗಿ, ಗಂಟು ನೀರುದೋಸೆಯ ಹಾಗೆ ತೂತು ತೂತು. ನೀರುದೋಸೆಗೆ ತೂತು ಬೇಕು, ಇದಕ್ಕೆ ಬೇಡ. ಹಾಗಾಗಿ ಈಗ ವೆಲ್ಡಿಂಗ್ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಾತ್ರ, ಪಶ್ಚಿಮದ ಕಡೆ ಟರ್ಪಾಲು ಕಟ್ಟಿ.

ಪೈಪಿನ ತುದಿಯನ್ನು ಇನ್ನೊಂದು ಪೈಪಿನ ದುಂಡಿಗೆ ಕೂರುವಂತೆ ಕೊರೆಯುವುದಕ್ಕೆ ಮೀನಿನ ಬಾಯಿ ಎನ್ನುತ್ತಾರೆ. ಅಣ್ಣನಿಗೆ ಹೇಳಿದರೆ "ಯಾವ ಮೀನು?" ಅಂದರು. ಕಾಗದದ ಅಚ್ಚು ಸುತ್ತಿ, ಗೆರೆ ಹಾಕಿ, ಗ್ರೈಂಡರ್‌ನಲ್ಲಿ ಕೊಯ್ದು, ಅರ್ಧ ದುಂಡಿನ ಅರದಲ್ಲಿ ತಿದ್ದುವುದು. ಸಂದಿನಲ್ಲಿ ಗರಗಸದ ಬ್ಲೇಡ್ ತೂರಿದರೆ ಅದು ಫೇಲ್. ಸಂದು ದೊಡ್ಡದಾದಷ್ಟೂ ತುಂಬಿಸಬೇಕಾದ ಲೋಹ ಜಾಸ್ತಿ, ಲೋಹ ಜಾಸ್ತಿ ಆದಷ್ಟೂ ತಣಿಯುವಾಗ ಎಳೆತ ಜಾಸ್ತಿ. ಒಂದು ಗಂಟಿಗೆ ನನಗೆ ಒಂದು ಗಂಟೆ ಹಿಡಿಯುತ್ತದೆ, ವೆಲ್ಡ್ ಮಾಡಲು ಐದು ನಿಮಿಷ.

ಎಳೆತ ಅಂದೆನಲ್ಲ, ಈ ತಿಂಗಳ ದೊಡ್ಡ ಪೆಟ್ಟು ಅದೇ. ಬುಡದ ಚೌಕಟ್ಟನ್ನು ಎರಡು ಐ ಬೀಮ್‌ಗಳ ಮೇಲೆ ಕ್ಲಾಂಪ್ ಹಾಕಿ ಕಟ್ಟಿದ್ದೆ. ಬೀಮ್‌ಗಳನ್ನು ಮಟ್ಟ ಮಾಡಿದ್ದು ಗಾರೆ ಮೇಸ್ತ್ರಿಗಳ ನೀರಿನ ಟ್ಯೂಬ್‌ನಲ್ಲಿ. ಎಲ್ಲ ಟ್ಯಾಕ್ (ಹಿಡಿದಿಡುವ ಚುಕ್ಕೆ ವೆಲ್ಡ್) ಆದ ಮೇಲೆ ಕರ್ಣಗಳು 1655, 1656 ಮಿ.ಮೀ., ಹೆಚ್ಚುಕಡಿಮೆ ಸಮ. ಖುಷಿಯಾಗಿ, ಒಂದೇ ಬೆಳಿಗ್ಗೆ ಮೇಲಿನ ಬದಿಯ ಗಂಟುಗಳನ್ನೆಲ್ಲ ಪೂರ್ತಿ ಎಳೆದುಬಿಟ್ಟೆ. ತಣಿದ ಮೇಲೆ ಕ್ಲಾಂಪ್ ಬಿಚ್ಚಿದರೆ ಟಣ್ ಎಂದು ಸದ್ದು. ಬಲಗಡೆಯ ಮುಂದಿನ ಮೂಲೆ ಬೀಮ್‌ನಿಂದ ಏಳು ಮಿ.ಮೀ. ಮೇಲೆ ಎದ್ದಿತ್ತು. ವೆಲ್ಡ್ ತಣಿಯುವಾಗ ಕುಗ್ಗುತ್ತದೆ, ಯಾವ ಬದಿಯಲ್ಲಿ ಹಾಕಿದ್ದೀರೋ ಆ ಬದಿಗೆ ಎಳೆಯುತ್ತದೆ. ಬಿಸಿಲಿಗೆ ಇಟ್ಟ ಹಪ್ಪಳದ ಅಂಚು ಏಳುತ್ತದಲ್ಲ, ಹಾಗೆ.

ಎರಡು ಗಂಟುಗಳನ್ನು ಒಂದು ಮಿ.ಮೀ. ಡಿಸ್ಕ್‌ನಲ್ಲಿ ಕೊಯ್ದು, ಮೂಲೆಯನ್ನು ಒತ್ತಿ ಕೂರಿಸಿ, ಮತ್ತೆ ಟ್ಯಾಕ್ ಹಾಕಿದೆ. ಈ ಸಲ ಇಂಚು ಇಂಚಾಗಿ, ಒಂದು ಮೂಲೆಯಲ್ಲಿ ಸ್ವಲ್ಪ, ಎದುರು ಮೂಲೆಯಲ್ಲಿ ಸ್ವಲ್ಪ, ಆಮೇಲೆ ಮಗುಚಿ ಕೆಳಗೆ. ನಡುವೆ ಚಹಾ ಕುಡಿಯುವಷ್ಟು ಬಿಡುವು. ಮೂರು ಬೆಳಿಗ್ಗೆ ಹೋಯಿತು. ಈಗ ಆ ಮೂಲೆಯ ಕೆಳಗೆ ಒಂದೂವರೆ ಮಿ.ಮೀ. ಸಂದು ಇದೆ. ಇದನ್ನು ಬಿಟ್ಟಿದ್ದೇನೆ, ಸಸ್ಪೆನ್ಷನ್ ಬ್ರಾಕೆಟ್ ಕೂರಿಸುವಾಗ ಸರಿದೂಗಿಸಬಹುದು.

ಮೇನ್ ಹೂಪ್ ನಿಂತಿದೆ. ಎರಡೂ ಕಾಲು ಬುಡದ ಪೈಪ್‌ಗಳು ಸೇರುವ ಗಂಟಿಗೇ ಬಂದು ಕೂತಿವೆ, ಪೈಪಿನ ನಡುಮಧ್ಯಕ್ಕೆ ಅಲ್ಲ. ನಡುವೆ ಕೂತರೆ ಗಾಡಿ ಮಗುಚಿದಾಗ ಭಾರಕ್ಕೆ ಆ ಪೈಪೇ ಬಾಗುತ್ತದೆ. ಹಿಂದಿನ ಆನಿಕೆ ಪೈಪ್‌ಗಳು ನೆಟ್ಟಗಿನ ಗೆರೆಯಿಂದ 34 ಡಿಗ್ರಿ ಓರೆ, 30 ಇದ್ದರೆ ಸಾಕಿತ್ತು. ಹೆಲ್ಮೆಟ್ ಹಾಕಿ ಕೂತು, ಹೂಪ್ ತುದಿಯಿಂದ ಮುಂದಿನ ಹೂಪ್ ಬರುವ ಜಾಗಕ್ಕೆ ದಾರ ಕಟ್ಟಿಸಿ ನೋಡಿದೆ. ತಲೆಗೂ ದಾರಕ್ಕೂ ನಾಲ್ಕು ಬೆರಳು ಜಾಗ. ದಾರ ಹಿಡಿದವರು ಅಮ್ಮ. ಈ ಗೂಡಿನೊಳಗೆ ಯಾಕೆ ಹೋಗಿ ಕೂರುತ್ತೀಯ ಎಂದು ಕೇಳಿದರು, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉಳಿದಿರುವುದು: ಮುಂದಿನ ಹೂಪ್, ಬಾಗಿಲ ಕಡೆಯ ಪೈಪ್‌ಗಳು, ಮತ್ತೆ ಹಿಂದಿನ ಹಬ್‌ಗಳಿಗೆ ಟೋ ಲಿಂಕ್ (ಚಕ್ರ ಆಚೀಚೆ ತಿರುಗದಂತೆ ಹಿಡಿಯುವ ಸರಳು). ಮುಂದಿನ ಹಬ್ ಹಿಂದಕ್ಕೆ ಬಂದಿರುವುದರಿಂದ ಸ್ಟೇರಿಂಗ್ ತೋಳುಗಳನ್ನು ಚೌಕಟ್ಟಿಗೆ ಕಟ್ಟಿಹಾಕದಿದ್ದರೆ ಹಿಂದಿನ ಚಕ್ರಗಳೂ ತಿರುಗುತ್ತವೆ. ಅದಕ್ಕೂ ಮೊದಲು ಒಂದು ಸಣ್ಣ ಕೆಲಸ ಇದೆ. ಎರಡೂ ತುದಿ ಮುಚ್ಚಿದ ಪೈಪಿನೊಳಗಿನ ಗಾಳಿ ಬಿಸಿಯಾಗಿ ಉಬ್ಬಿ ಕೊನೆಯ ಗಂಟನ್ನು ಊದಿಬಿಡುತ್ತದೆ, ಅದಕ್ಕೆ ಒಂದೊಂದು ಪೈಪಿಗೂ 3 ಮಿ.ಮೀ. ತೂತು ಕೊರೆದಿದ್ದೆ. ಆ ತೂತುಗಳಿಂದ ಈಗ ಉಪ್ಪು ಗಾಳಿ ಒಳಗೆ ಹೋಗುತ್ತಿದೆ. ಒಟ್ಟು ಹದಿನಾಲ್ಕು. ನಿನ್ನೆ ಒಂಬತ್ತು ಮುಚ್ಚಿದೆ, ಅಷ್ಟರಲ್ಲಿ ಗಾಳಿ ಎದ್ದಿತು.