ಭಾಗ ಎರಡು: ಯಂತ್ರದ ನಡಿಗೆ ಸಿಕ್ಕಿತು

ಮೇ 18

ಮೂರು ವರ್ಷದ ಹಿಂದೆ ನಾವು ಆರು ಮಂದಿ ಸೇರಿ ಮಾಡಿದ 22 ನಿಮಿಷದ ಚಿತ್ರದ ಎರಡನೇ ಭಾಗ ಇನ್ನೂ ಕಾಗದದಲ್ಲೇ ಉಂಟು. ನೋಡದವರಿಗೆ ಕತೆ ಇಷ್ಟು: 2071ನೇ ಇಸವಿ. ಕಡಲು ಏರಿ ಮಂಗಳೂರಿನ ಬೆಂಗ್ರೆ ಅರ್ಧ ಮುಳುಗಿದೆ. ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ ದೋಣಿ ದಾಟಿಸುವ ಹುಡುಗನನ್ನು ಒಂದು ಯಂತ್ರ ಅಟ್ಟಿಸಿಕೊಂಡು ಬರುತ್ತದೆ. ಕೊನೆಗೆ ಯಂತ್ರ ಅದೇ ಅಳಿವೆಯ ಸುಳಿಗೆ ಸಿಕ್ಕಿ ಮುಳುಗುತ್ತದೆ.

ಹುಡುಗನಿಗೆ ಆಗ 11, ಈಗ 14. ಧ್ವನಿ ಒಡೆದಿದೆ, ಮೀಸೆ ಚಿಗುರಿದೆ. ಯಂತ್ರವಾಗಿದ್ದ ಆರಡಿ ಎರಡಿಂಚಿನ ಗೆಳೆಯ ಕೆಲಸ ಸಿಕ್ಕಿ ದುಬೈಗೆ ಹೋಗಿ ವರ್ಷವಾಯಿತು. ನಾನು ಬರೆದಿಟ್ಟ ಕತೆಯಾದರೋ ಯಂತ್ರ ಮುಳುಗಿದ ಮರುದಿನ ಬೆಳಿಗ್ಗೆ ಶುರುವಾಗುತ್ತದೆ.

ಹೊಸ ಹುಡುಗನನ್ನು ಹುಡುಕಿದೆ. ನಾಲ್ಕು ಮಕ್ಕಳನ್ನು ನೋಡಿ, ಒಬ್ಬ ನಿಜಕ್ಕೂ ಚುರುಕಾಗಿದ್ದ. ಅವನ ವಿಡಿಯೋ ನಮ್ಮ ಹಳೆಯ ಹುಡುಗನಿಗೆ ತೋರಿಸಿದಾಗ ಅವನು ಏನೂ ಹೇಳಲಿಲ್ಲ, ಎದ್ದು ಹೋಗಿ ಜಗಲಿಯ ಮೆಟ್ಟಿಲಲ್ಲಿ ಕೂತ. ಆ ರಾತ್ರಿಯೇ ಆ ಸ್ಕ್ರಿಪ್ಟ್ ಎತ್ತಿಟ್ಟೆ. ಅದು ಬಿಸಾಡಿದ ಎರಡನೇ ಸ್ಕ್ರಿಪ್ಟ್.

ಮೇ 23

ಈ ವಾರ 'ಟರ್ಮಿನೇಟರ್ 2' ಚಿತ್ರವನ್ನು ನೋಟ್‌ಬುಕ್ ಹಿಡಿದು ಮೂರು ಸಲ ನೋಡಿದೆ. ಅಲ್ಲಿ ಪಾತ್ರಕ್ಕೆ ಜನ ಆರಿಸಿದ ಕ್ರಮದಲ್ಲೇ ಕತೆ ಹುಟ್ಟಿದೆ. 1984ರ ಮೊದಲ ಚಿತ್ರದಲ್ಲಿ ಕೊಲ್ಲಲು ಬಂದ ಯಂತ್ರವಾಗಿದ್ದ ಆರ್ನಾಲ್ಡ್ ಶ್ವಾರ್ಜ್‌ನೆಗರ್ 1991ರಲ್ಲಿ ಕಾಯಲು ಬರುತ್ತಾನೆ. ಹಾಗಾದರೆ ಅವನನ್ನು ಸೋಲಿಸಬಲ್ಲವನು ಹೇಗಿರಬೇಕು? ಇನ್ನೂ ದೊಡ್ಡ ದೇಹದವನನ್ನು ತಂದಿದ್ದರೆ ಎರಡು ಗೂಳಿಗಳ ಗುದ್ದಾಟವಾಗುತ್ತಿತ್ತು. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಎದುರಾಳಿ ಯಂತ್ರವಾಗಿ ತಂದದ್ದು ತೆಳ್ಳಗಿನ ರಾಬರ್ಟ್ ಪ್ಯಾಟ್ರಿಕ್‌ನನ್ನು. ಓಡುವಾಗ ದಣಿವು ಕಾಣಬಾರದೆಂದು ಆತ ಬಾಯಿ ತೆರೆಯದೆ ಮೂಗಿನಲ್ಲೇ ಉಸಿರಾಡಲು ಅಭ್ಯಾಸ ಮಾಡಿದ್ದ. ಹೆದರಿಕೆ ಹುಟ್ಟುವುದು ಅಲ್ಲಿ. ಮನುಷ್ಯನ ಹಾಗೆಯೇ ಇದ್ದಾನೆ, ಆದರೆ ಏದುಸಿರು ಇಲ್ಲ.

ತಾಯಿಯ ಪಾತ್ರದ ಲಿಂಡಾ ಹ್ಯಾಮಿಲ್ಟನ್ ತಿಂಗಳುಗಟ್ಟಲೆ ತಾಲೀಮು ಮಾಡಿ ಗಟ್ಟಿಯಾದ ತೋಳು ತೋರಿಸಿದಳು. ಎರಡು ಚಿತ್ರಗಳ ನಡುವಿನ ವರ್ಷಗಳಲ್ಲಿ ಆ ತಾಯಿ ಏನೇನು ಕಂಡಿದ್ದಾಳೆಂದು ಒಂದು ಮಾತಿಲ್ಲದೆ ಗೊತ್ತಾಗುತ್ತದೆ. ನಮ್ಮ ಹುಡುಗನ ಒಡೆದ ಧ್ವನಿಯನ್ನು ನಾನು ಇಷ್ಟು ದಿನ ತೊಂದರೆ ಅಂತ ಬರೆದುಕೊಂಡಿದ್ದೆ. ಇವತ್ತು ಆ ಸಾಲು ಹೊಡೆದು ಹಾಕಿದೆ.

ಯಂತ್ರದ್ದು ಮಾತ್ರ ಬಗೆಹರಿಯಲಿಲ್ಲ. ಅವರಲ್ಲಿ ಮುಖ ಅದೇ, ಕೆಲಸ ಬೇರೆ. ನಮ್ಮಲ್ಲಿ ಕೆಲಸ ಅದೇ, ಮುಖ ಬೇರೆ.

ಮೇ 29

ವರ್ಷದ ಯಕ್ಷಗಾನ ತಿರುಗಾಟ ಮುಗಿಯುವ ದಿನ ಪತ್ತನಾಜೆ, ಅದು ಕಳೆಯಿತು. ಮೇಳಗಳು ಗೆಜ್ಜೆ ಬಿಚ್ಚಿದವು. ಅದಕ್ಕೇ ಕಾದಿದ್ದೆ. ಪರಿಚಯದ ಒಬ್ಬರು ಯಕ್ಷಗಾನದ ತೆಂಕು ಶೈಲಿಯ, ಅಂದರೆ ತೆಂಕುತಿಟ್ಟಿನ ಬಣ್ಣದ ವೇಷಧಾರಿ, ರಾಕ್ಷಸರ ಪಾತ್ರ ಮಾಡುವವರು; ನವೆಂಬರಿನಿಂದ ರಾತ್ರಿ ಬಿಡುವೇ ಇರುವುದಿಲ್ಲ. ಎತ್ತರ ಐದಡಿ ನಾಲ್ಕಿಂಚು. ಹಳೆಯ ಯಂತ್ರಕ್ಕಿಂತ ಹತ್ತಿಂಚು ಗಿಡ್ಡ.

ಭಾಗ ಒಂದನ್ನು ಅವರಿಗೆ ತೋರಿಸಿದೆ. ಒಂದು ಕಡೆ ನಿಲ್ಲಿಸಲು ಹೇಳಿದರು. ಯಂತ್ರ ಮೂರು ಹೆಜ್ಜೆ ಇಟ್ಟು ಒಂದು ಕ್ಷಣ ನಿಲ್ಲುತ್ತದೆ. ಕವಚದ ಮೊಣಕಾಲಿನ ತಗಡು ಸಿಕ್ಕಿಕೊಂಡು ಹಾಗಾದದ್ದು, ತಪ್ಪಾಯಿತು ಅಂದೆ.

"ತಪ್ಪು ಎಂತದ್ದು ಮಾರಾಯ್ರೆ? ವೇಷ ಇರುವುದೇ ಅದರಲ್ಲಿ" ಅಂದರು. "ಆಟದಲ್ಲಿ ಒಂದೇ ರಾತ್ರಿ ಇಬ್ಬರು ಕೃಷ್ಣ ಬರುವುದಿಲ್ವಾ? ಎರಡನೆಯವ ಬಂದಾಗ ಇವ ಯಾರು ಅಂತ ಯಾರಾದ್ರೂ ಕೇಳ್ತಾರಾ?"

ಹೌದಲ್ಲ! ಚಿಕ್ಕಂದಿನಿಂದ ಚಾಪೆ ಹಾಸಿ ನೋಡಿದ್ದು ಅದನ್ನೇ. ಕಿರೀಟ, ನಡೆ, ಪ್ರವೇಶದ ಗತ್ತು ಸರಿಯಿದ್ದರೆ ಮನಸ್ಸು ಪಾತ್ರವನ್ನು ಹಿಡಿಯುತ್ತದೆ. ಅವರು ಎದ್ದು ಅಂಗಳದಲ್ಲಿ ಆ ನಡಿಗೆಯನ್ನು ತ್ರಿವುಡೆ ತಾಳಕ್ಕೆ ಹಾಕಿದರು, ಏಳು ಅಕ್ಷರ: ಮೂರು, ಎರಡು, ಎರಡು. ಕೆಂಪು ಕಲ್ಲಿನ ನೆಲದಲ್ಲಿ ಆ ಸದ್ದು ಕೇಳಿ ನನ್ನ ಮೈ ಜುಮ್ಮೆಂದಿತು. ಬಣ್ಣದ ವೇಷ ತೆರೆಯ ಹಿಂದಿನಿಂದ ಚೂರುಚೂರಾಗಿ ಕಾಣಿಸಿಕೊಳ್ಳುವ ಕ್ರಮವನ್ನೂ ಮಾಡಿ ತೋರಿಸಿದರು. ಮೊದಲು ಕಿರೀಟದ ತುದಿ, ಆಮೇಲೆ ಬೆರಳು, ಪೂರ್ತಿ ಮುಖ ಎಷ್ಟೋ ಹೊತ್ತಿನ ಮೇಲೆ. ನಮ್ಮ ಯಂತ್ರವೂ ಹಾಗೆಯೇ ಬರಬೇಕು. ಮೊದಲು ಸದ್ದು.

ಜೂನ್ 15

ಮೂರನೇ ಸ್ಕ್ರಿಪ್ಟ್ 11 ದಿನದಲ್ಲಿ ಮುಗಿಯಿತು. ಅಳಿವೆಯ ಕೆಸರಿನಿಂದ ಯಂತ್ರದ ನೆನಪಿನ ಪೆಟ್ಟಿಗೆಯನ್ನು ಯಾರೋ ಎತ್ತಿ ಬೇರೆ ದೇಹಕ್ಕೆ ಜೋಡಿಸಿದ್ದಾರೆ. ಬಲೆ ನೇಯುವ ಗಿಡ್ಡ ಮನುಷ್ಯನಾಗಿ ಅದು ಬೋಟುಗಳು ನಿಲ್ಲುವ ದಕ್ಕೆಯಲ್ಲೇ ಓಡಾಡುತ್ತಿದೆ. ಮುಖ ಯಾರಿಗೂ ಗೊತ್ತಿಲ್ಲ. ಆ ನಡಿಗೆ ಒಬ್ಬನಿಗೆ ಮಾತ್ರ ಗೊತ್ತು.

ಗುರುತು ಹಿಡಿದ ಕೂಡಲೇ ಹುಡುಗ ಓಡುತ್ತಾನೆ ಎಂದು ಬರೆದಿದ್ದೆ. ಓದಿಸುವಾಗ ಅವನೇ ತಡೆದ. "ಅಣ್ಣ, ನಾನು ಓಡುವುದಿಲ್ಲ. ಮೂರು ವರ್ಷದಿಂದ ನಾನು ಇವನನ್ನೇ ಕಾಯ್ತಾ ಇದ್ದೇನೆ." ಅಲ್ಲಿಂದ ಮುಂದಿನ ಒಂಬತ್ತು ಪುಟ ತೆಗೆದು ಹೊಸದಾಗಿ ಬರೆದೆ. ಅಟ್ಟಿಸಿಕೊಂಡು ಹೋಗುವ ದೃಶ್ಯ ಹಾಗೆಯೇ ಉಂಟು, ಈಗ ಅಟ್ಟುವವನು ಹುಡುಗ.

ಜೂನ್ 28

ಕವಚ. ಹಳೆಯದು ಫೈಬರ್, 14 ಕಿಲೋ. ಅದನ್ನು ಹಾಕಿ ತ್ರಿವುಡೆಯಲ್ಲಿ ನಡೆಯಲು ಆಗುವುದಿಲ್ಲ. ಈ ಸಲ ಅಡಿಕೆ ಹಾಳೆ. ರಾತ್ರಿಯಿಡೀ ನೆನೆಸಿ, ಮೆತ್ತಗಾದ ಮೇಲೆ ಎದೆ, ಭುಜ, ಮೊಣಕಾಲಿನ ಅಚ್ಚಿಗೆ ಹಗ್ಗ ಸುತ್ತಿ ಬಿಗಿದು, ಒಣಗಿಸಿ ಕಪ್ಪು ಬಣ್ಣ ಬಳಿದೆವು. ಪೂರ್ತಿ ಸೇರಿ ಐದೂವರೆ ಕಿಲೋ. ಹಾಳೆಯ ಉದ್ದ ಗೆರೆಗಳು ಬಣ್ಣದ ಅಡಿಯಲ್ಲಿ ತುಕ್ಕು ಹಿಡಿದ ಲೋಹದ ಹಾಗೆ ಕಾಣುತ್ತವೆ, ಇದನ್ನು ನಾವು ಎಣಿಸಿರಲಿಲ್ಲ. ಮಳೆಗೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಹೊಗೆ ತಾಗುವಲ್ಲಿ ಇಟ್ಟಿದ್ದೇವೆ.

ಜುಲೈ 13

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಕ್ಕೆಯಲ್ಲಿ ಮೈಗೆ ಮೈ ತಾಗಿಸಿ ನಿಂತಿವೆ, ಒಂದರಿಂದ ಒಂದಕ್ಕೆ ಕಾಲಿಟ್ಟೇ ದಾಟಬಹುದು. ಇಂಥ ಸೆಟ್ ಯಾರು ಹಾಕಿ ಕೊಡುತ್ತಾರೆ? ಮಾಲಕರು ಇಬ್ಬರು ಒಪ್ಪಿದರು. ಒದ್ದೆ ಹಲಗೆಯಲ್ಲಿ ಜಿಗಿಯುವ ಶಾಟ್ ಎಲ್ಲ ಗೋಣಿ ಹಾಸಿ, ಹುಡುಗನ ಸೊಂಟಕ್ಕೆ ಹಗ್ಗ ಕಟ್ಟಿಯೇ ತೆಗೆಯುತ್ತಿದ್ದೇವೆ. ಅವನ ಅಮ್ಮ ಪ್ರತಿದಿನ ಬಂದು ಕೂರುತ್ತಾರೆ.

ಇವತ್ತು ಗುರುತು ಹಿಡಿಯುವ ಶಾಟ್ ಆಯಿತು. ಹುಡುಗ ಕ್ಯಾಮೆರಾಗೆ ಮುಖ ಮಾಡಿ ಹಗ್ಗ ಸುತ್ತುತ್ತಿದ್ದಾನೆ. ಹಿಂದೆ ಹಲಗೆಯ ಮೇಲೆ ಮೂರು, ಎರಡು, ಎರಡು. ಅವನ ಕೈ ನಿಲ್ಲುತ್ತದೆ. ತಿರುಗುವುದಿಲ್ಲ. ಆರು ಟೇಕ್‌ಗಳಲ್ಲಿ ನಾಲ್ಕನೆಯದು ಸರಿ. ಕೈ ನಿಂತ ಮೇಲೆ ಹೆಬ್ಬೆರಳು ಮಾತ್ರ ಹಗ್ಗವನ್ನು ಒತ್ತಿತು, ನಾನು ಹೇಳಿಕೊಟ್ಟದ್ದಲ್ಲ.

ದಕ್ಕೆಯ 17 ಶಾಟ್‌ಗಳಲ್ಲಿ ಎಂಟು ಮುಗಿದಿವೆ. ಆಗಸ್ಟ್ 1ಕ್ಕೆ ಬೋಟುಗಳು ಹೊರಡುತ್ತವೆ. ನಾಳೆ ಮಳೆ ಬಿಟ್ಟರೆ ಬೆಳಿಗ್ಗೆ ಆರಕ್ಕೆ. ಎಡ ಮೊಣಕಾಲಿನ ಹಾಳೆ ಇವತ್ತು ನೀರು ಕುಡಿದು ಮೆತ್ತಗಾಗಿದೆ, ಅಟ್ಟಕ್ಕೆ ಹಾಕಿ ಬಂದಿದ್ದೇನೆ.