ಏಳು ದಿನ, ಮೂರು ಕಿನಾರೆ

ಹಲವು ವರ್ಷಗಳ ಹಿಂದೆ ಅಕ್ಕನೂ ನಾನೂ ಕೈಗೊಂಡ ಮೊದಲ ಕಡಲತೀರದ ಪ್ರವಾಸದಲ್ಲಿ ಐದು ದಿನಗಳಿಗೆ ಹನ್ನೊಂದು ಕಿನಾರೆಗಳಿದ್ದವು. ಪಟ್ಟಿ ಮಾಡಿದ್ದು ನಾನೇ. ನಕ್ಷೆಯಲ್ಲಿ ಒಂದರ ಪಕ್ಕ ಒಂದು ಪೋಣಿಸಿದಂತೆ ಕಾಣುತ್ತಿದ್ದ ಆ ಹೆಸರುಗಳಲ್ಲಿ ಯಾವುದನ್ನೂ ಬಿಡಲು ಮನಸ್ಸಾಗಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಬಹಳ ಹೊಗಳಿಕೆ ಕೇಳಿದ್ದ ಕಿನಾರೆಯೊಂದನ್ನು ತಲುಪಿದಾಗ ಅಲ್ಲಿ ಮರಳೇ ಇರಲಿಲ್ಲ. ಚಿತ್ರಗಳಲ್ಲಿ ಮಕ್ಕಳು ಚೆಂಡಾಡುತ್ತಿದ್ದ ಜಾಗವನ್ನೆಲ್ಲ ನೀರು ಆವರಿಸಿಕೊಂಡು ತಡೆಗೋಡೆಯ ಕಲ್ಲುಗಳಿಗೆ ನೇರವಾಗಿ ಬಡಿಯುತ್ತಿತ್ತು. ನಲವತ್ತು ನಿಮಿಷ ಗೋಡೆಯ ಮೇಲೆ ಕುಳಿತು, ಉಪ್ಪುನೀರಿನ ಸಿಡಿತದಿಂದ ಕನ್ನಡಕ ಒರೆಸಿಕೊಳ್ಳುತ್ತ ಬೇಸತ್ತು, ಪಟ್ಟಿಯ ಮುಂದಿನ ಹೆಸರಿನ ಕಡೆಗೆ ಹೊರಟುಬಿಟ್ಟೆವು. ಸಂಜೆಯವರೆಗೆ ಅಲ್ಲೇ ಇದ್ದಿದ್ದರೆ ಅದೇ ಗೋಡೆಯ ಬುಡದಿಂದ ನೂರು ಹೆಜ್ಜೆಗಳಷ್ಟು ಅಗಲದ ಮರಳು ತಾನಾಗಿ ತೆರೆದುಕೊಳ್ಳುತ್ತಿತ್ತು ಎಂಬುದು ನನಗೆ ಹೊಳೆದದ್ದು ಮನೆಗೆ ಮರಳಿದ ಮೇಲೆ.

ಕೋಟೆಯೋ ದೇಗುಲವೋ ಬೆಳಿಗ್ಗೆ ನೋಡಿದರೂ ಸಂಜೆ ನೋಡಿದರೂ ಅದೇ ಜಾಗದಲ್ಲಿ ಅದೇ ಅಳತೆಯಲ್ಲಿ ಇರುತ್ತದೆ. ಕಿನಾರೆ ಹಾಗಲ್ಲ, ಅದು ದಿನಕ್ಕೆ ಹಲವು ಬಾರಿ ಅಗಲವಾಗುತ್ತದೆ, ಕಿರಿದಾಗುತ್ತದೆ, ಕೆಲವೊಮ್ಮೆ ಇಲ್ಲವೇ ಆಗುತ್ತದೆ. ಆದ್ದರಿಂದ ಕಡಲತೀರದ ಪ್ರವಾಸವನ್ನು ಸ್ಥಳಗಳ ಪಟ್ಟಿಯಿಂದ ಆರಂಭಿಸುವುದನ್ನು ನಾನು ಬಿಟ್ಟುಬಿಟ್ಟೆ. ಈಗ ಮೊದಲು ತೆರೆಯುವುದು ಉಬ್ಬರವಿಳಿತದ ಕೋಷ್ಟಕವನ್ನು. ಎಲ್ಲಿಗೆ ಹೋಗಬೇಕು ಎಂಬುದಕ್ಕಿಂತ ಯಾವ ವಾರ ಹೋಗಬೇಕು, ಯಾವ ಗಂಟೆಗೆ ಎಲ್ಲಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಿದರೆ ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬರುತ್ತದೆ.

ಜಗತ್ತಿನ ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ಇಂದು ನೋಡಿದ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಎಲ್ಲ ಕಡೆಯೂ ಇದು ಒಂದೇ ಪ್ರಮಾಣದಲ್ಲಿ ನಡೆಯುವುದಿಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರಿನ ಏರಿಳಿತ ಸುಮಾರು 16 ಮೀಟರುಗಳವರೆಗೂ ಹೋಗುತ್ತದೆ, ಮೆಡಿಟರೇನಿಯನ್ ಸಮುದ್ರದ ಬಹುತೇಕ ತೀರಗಳಲ್ಲಿ ಅದು ಕಣ್ಣಿಗೆ ಬೀಳುವಷ್ಟೂ ಇರುವುದಿಲ್ಲ. ಹೋಗುವ ಕರಾವಳಿಯಲ್ಲಿ ಏರಿಳಿತ ಎಷ್ಟು ಎಂದು ನೋಡಿಕೊಳ್ಳುವುದು ಅದಕ್ಕಾಗಿಯೇ ಮೊದಲ ಕೆಲಸ. ಎರಡು ಮೀಟರು ಎಂದರೆ ಏನು ಮಹಾ ಎನ್ನಿಸಬಹುದು. ಆದರೆ ಐವತ್ತು ಮೀಟರು ನಡೆದರೆ ಒಂದು ಮೀಟರು ಇಳಿಯುವಂಥ ಹದವಾದ ಇಳಿಜಾರಿನ ಕಿನಾರೆಯಲ್ಲಿ ಆ ಎರಡು ಮೀಟರು ನೂರು ಮೀಟರು ಅಗಲದ ಮರಳಾಗುತ್ತದೆ.

ಇನ್ನು ಚಂದ್ರನ ಮಾತು. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನಲ್ಲಿ, ಹೆಚ್ಚಾಗಿ ಅವು ಕಳೆದ ಒಂದೆರಡು ದಿನಗಳಲ್ಲಿ, ಏರಿಳಿತ ಅತಿ ಹೆಚ್ಚಾಗಿರುತ್ತದೆ. ಅಷ್ಟಮಿಯ ಸುತ್ತಮುತ್ತ ಕಡಲು ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಒಂದು ಊರಿನ ಮಟ್ಟಿಗೆ ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಇಳಿತ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಗಂಟೆಗೆ ಬರುತ್ತದೆ ಎಂಬುದು ಯೋಜನೆ ಹಾಕುವವರಿಗೆ ಬಹಳ ಉಪಯೋಗದ ಸಂಗತಿ. ಮೀನುಗಾರರು ತಿಥಿ ಕೇಳಿಯೇ ನೀರಿನ ಹೊತ್ತು ಹೇಳಿಬಿಡುವುದು ಈ ಲೆಕ್ಕದಿಂದಲೇ.

ಇದನ್ನು ಕಾಗದದ ಮೇಲೆ ಹೇಗೆ ಇಳಿಸುತ್ತೇನೆ ಎಂದು ಒಂದು ಉದಾಹರಣೆಯೊಂದಿಗೆ ಹೇಳುತ್ತೇನೆ. ಪ್ರವಾಸದ ಮೊದಲ ದಿನ ಭಾನುವಾರ, ಅಂದು ಬೆಳಗಿನ ಇಳಿತ 6.30ಕ್ಕೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಐವತ್ತು ನಿಮಿಷ ಸೇರಿಸುತ್ತ ಹೋದರೆ ಬುಧವಾರ ಅದು 9 ಗಂಟೆಗೆ ಬರುತ್ತದೆ, ಶನಿವಾರ 11.30ಕ್ಕೆ. ಅಂದರೆ ಮೊದಲ ನಾಲ್ಕು ದಿನ ತಂಪು ಹೊತ್ತಿನಲ್ಲೇ ಒದ್ದೆಯಾದ, ಗಟ್ಟಿಯಾದ ಮರಳು ನಡೆಯಲು ಸಿಗುತ್ತದೆ, ಕೊನೆಯ ದಿನಗಳಲ್ಲಿ ಅದು ಸಿಗುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ. ಹಾಗಾದ ಮೇಲೆ ತೀರ್ಮಾನ ಸುಲಭ: ಮೈಲುಗಟ್ಟಲೆ ಚಾಚಿದ ಉದ್ದನೆಯ ಕಿನಾರೆಯನ್ನು ವಾರದ ಮೊದಲ ಭಾಗಕ್ಕೆ ಇಡಬೇಕು, ಬಂಡೆಗಳ ನಡುವಿನ ಸಣ್ಣ ಕೊಲ್ಲಿ, ದೀಪಸ್ತಂಭ, ಅಳಿವೆಯ ದೋಣಿಯಾನ ಇತ್ಯಾದಿಗಳನ್ನು ಕೊನೆಗೆ ಇಡಬೇಕು. ದಾರಿಯಲ್ಲಿ ಯಾವುದು ಮೊದಲು ಸಿಗುತ್ತದೆ ಎಂಬುದಕ್ಕೆ ಇದು ಹೊಂದದಿದ್ದರೆ ನಾನು ಪ್ರವಾಸವನ್ನೇ ತಿರುಗಿಸಿ, ಆ ತುದಿಯಿಂದ ಈ ತುದಿಗೆ ಬರುವಂತೆ ಮಾಡಿಕೊಳ್ಳುತ್ತೇನೆ. ಒಣ ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲದ ಮೇಲೆ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಇಷ್ಟೆಲ್ಲ ಲೆಕ್ಕಾಚಾರ ಅತಿಯೆನಿಸುವುದಿಲ್ಲ. ಅಕ್ಕನಿಗೆ ಮಾತ್ರ ಈಗಲೂ ಅತಿಯೆಂದೇ ಅನ್ನಿಸುತ್ತದೆ. "ಕಡಲಿಗೂ ಟೈಮ್‌ಟೇಬಲ್ ಹಾಕಿದೆಯಲ್ಲೋ ಮಾರಾಯ" ಎಂದು ನಗುತ್ತಾಳೆ, ಆದರೆ ಬೆಳಿಗ್ಗೆ ಐದೂಮುಕ್ಕಾಲಕ್ಕೆ ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿರುವವಳು ಅವಳೇ.

ದೂರದ ವಿಷಯದಲ್ಲಿ ನಕ್ಷೆ ಸುಳ್ಳು ಹೇಳುತ್ತದೆ. ಕರಾವಳಿಯ ಉದ್ದ ಎಂಬುದು ಅಳೆಯುವ ಕೋಲು ಚಿಕ್ಕದಾದಷ್ಟೂ ಬೆಳೆಯುತ್ತ ಹೋಗುತ್ತದೆ ಎಂಬ ವಿಚಿತ್ರವನ್ನು ಗಣಿತಜ್ಞ ಬೆನುವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ತೀರವನ್ನು ಉದಾಹರಣೆಯಾಗಿಟ್ಟುಕೊಂಡು ಚರ್ಚಿಸಿದ್ದರು. ಭಾರತದ ಕರಾವಳಿ 7,516 ಕಿಲೋಮೀಟರು ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಈಚೆಗೆ ಹೆಚ್ಚು ವಿವರವಾದ ನಕ್ಷೆಗಳಿಂದ ಮತ್ತೆ ಅಳೆದಾಗ ಅದು 11,098 ಕಿಲೋಮೀಟರಾಯಿತು. ದೇಶವೇನೂ ಹಿಗ್ಗಲಿಲ್ಲ, ಅಂಕುಡೊಂಕುಗಳು ಲೆಕ್ಕಕ್ಕೆ ಸೇರಿದವು. ಪ್ರವಾಸಿಗೂ ಆಗುವುದು ಅದೇ. ಅಳಿವೆಯ ಈ ದಡದಿಂದ ನೋಡಿದರೆ ಆ ದಡದ ಕಿನಾರೆಯ ಮೇಲೆ ನಡೆಯುತ್ತಿರುವವರ ಅಂಗಿಯ ಬಣ್ಣ ಕೂಡ ಕಾಣುತ್ತದೆ. ದೋಣಿ ಇಲ್ಲದಿದ್ದರೆ ಅಲ್ಲಿಗೆ ಹೋಗಲು ಒಳನಾಡಿನ ಸೇತುವೆಯವರೆಗೆ ಸುತ್ತಿ ಒಂದು ಗಂಟೆ ಪ್ರಯಾಣ ಮಾಡಬೇಕಾಗಬಹುದು. ಆದ್ದರಿಂದ ನಕ್ಷೆಯಲ್ಲಿ ನಾನು ಮೊದಲು ಗುರುತು ಹಾಕುವುದು ಕಿನಾರೆಗಳಿಗಲ್ಲ, ನದಿಗಳು ಕಡಲು ಸೇರುವ ಜಾಗಗಳಿಗೆ. ಪ್ರವಾಸ ಎಲ್ಲೆಲ್ಲಿ ತುಂಡಾಗುತ್ತದೆ ಎಂಬುದನ್ನು ಅವೇ ಹೇಳುತ್ತವೆ.

ಎರಡು ಅಳಿವೆಗಳ ನಡುವಿನ ತೀರವನ್ನು ಒಂದು ಘಟಕವೆಂದು ಭಾವಿಸಿ, ಆ ಘಟಕಕ್ಕೆ ಒಂದು ತಂಗುದಾಣವನ್ನು ಮಾತ್ರ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಏಳು ದಿನಗಳಿಗೆ ಮೂರು ತಂಗುದಾಣಗಳು, ಪ್ರತಿಯೊಂದರಲ್ಲಿಯೂ ಕನಿಷ್ಠ ಎರಡು ರಾತ್ರಿ. ಒಂದೇ ರಾತ್ರಿ ತಂಗಿದರೆ ಸಂಜೆ ಬಂದು ಚೀಲ ಬಿಚ್ಚುವುದಕ್ಕೂ ಬೆಳಿಗ್ಗೆ ಎದ್ದು ಚೀಲ ಕಟ್ಟುವುದಕ್ಕೂ ಸರಿಹೋಗುತ್ತದೆ. ಎರಡು ರಾತ್ರಿ ತಂಗಿದವರಿಗೆ ಮಾತ್ರ ನಡುವಿನ ಒಂದು ಇಡೀ ದಿನ, ಅಂದರೆ ಎರಡು ಉಬ್ಬರ ಮತ್ತು ಎರಡು ಇಳಿತಗಳು, ಯಾವ ಪ್ರಯಾಣದ ಆತುರವೂ ಇಲ್ಲದೆ ದೊರೆಯುತ್ತವೆ. ಒಂದು ತಂಗುದಾಣದಿಂದ ಇನ್ನೊಂದಕ್ಕೆ ಐವತ್ತು ಕಿಲೋಮೀಟರಿಗಿಂತ ಹೆಚ್ಚಿರದಂತೆ ನೋಡಿಕೊಳ್ಳುತ್ತೇನೆ, ಸ್ಥಳ ಬದಲಿಸುವುದನ್ನು ಉಬ್ಬರದ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ. ಆಗ ಕಿನಾರೆಯಲ್ಲಿ ಮಾಡಲು ಹೇಗೂ ಹೆಚ್ಚಿನ ಕೆಲಸವಿರುವುದಿಲ್ಲ. ಏಳರಲ್ಲಿ ಒಂದು ರಾತ್ರಿಯನ್ನು ಎಲ್ಲಿಯೂ ಕಾದಿರಿಸದೆ ಬಿಟ್ಟಿರುತ್ತೇನೆ. ದಟ್ಟಣೆಯ ಕಾಲದಲ್ಲಿ ಇದು ಅಪಾಯದ ಆಟ, ಒಮ್ಮೆ ರಾತ್ರಿ ಹತ್ತರವರೆಗೆ ಕೊಠಡಿ ಹುಡುಕಿ ಅಲೆದದ್ದೂ ಉಂಟು. ಆದರೂ ಹಿಡಿಸಿದ ಕಿನಾರೆಯಲ್ಲಿ ಇನ್ನೊಂದು ರಾತ್ರಿ ಉಳಿಯುವ ಸ್ವಾತಂತ್ರ್ಯವನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

ದಿನದೊಳಗಿನ ಹೊತ್ತನ್ನು ಗಾಳಿ ನಿರ್ಧರಿಸುತ್ತದೆ. ಬಿಸಿಲಿಗೆ ನೆಲ ಕಡಲಿಗಿಂತ ಬೇಗ ಕಾಯುವುದರಿಂದ ನೆಲದ ಮೇಲಿನ ಗಾಳಿ ಮೇಲೇರಿ, ಅದರ ಜಾಗಕ್ಕೆ ಕಡಲಿನ ಕಡೆಯಿಂದ ತಂಪುಗಾಳಿ ನುಗ್ಗುತ್ತದೆ. ಹಗಲು ಏರುತ್ತಿದ್ದಂತೆ ಆರಂಭವಾಗುವ ಈ ಕಡಲಗಾಳಿ ಮಧ್ಯಾಹ್ನದ ನಂತರ ಜೋರಾಗಿ, ನೀರಿನ ಮೇಲ್ಮೈಯನ್ನು ಕದಡಿ, ಒಣ ಮರಳನ್ನು ಹಾರಿಸುತ್ತದೆ. ರಾತ್ರಿ ನೆಲ ಬೇಗ ತಣಿದು ಗಾಳಿ ಹಿಮ್ಮುಖವಾಗುತ್ತದೆ. ಹವಾಮಾನ ಶಾಂತವಾಗಿರುವ ದಿನಗಳಲ್ಲಿ ಬೆಳಗಿನ ಕಡಲು ನಯವಾಗಿ, ಕನ್ನಡಿ ಹಿಡಿದಂತೆ ಇರುವುದು ಇದರಿಂದಲೇ. ದೋಣಿಯಲ್ಲಿ ಹೋಗುವುದಿದ್ದರೆ, ನೀರೊಳಗೆ ಇಣುಕುವುದಿದ್ದರೆ ಬೆಳಗೇ ಸರಿಯಾದ ಹೊತ್ತು. ಗಾಳಿಪಟ ಹಾರಿಸುವವರು ಮೂರು ಗಂಟೆಯವರೆಗೆ ಮಲಗಿದ್ದರೂ ನಷ್ಟವಿಲ್ಲ.

ಈಜುವವರು ಇದರ ಜೊತೆಗೆ ಸೆಳವಿನ ವಿಷಯವನ್ನೂ ಯೋಜನೆಯಲ್ಲಿ ಸೇರಿಸಿಕೊಳ್ಳಲೇಬೇಕು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲು ಕಿರಿದಾದ ದಾರಿ ಮಾಡಿಕೊಂಡು ವೇಗವಾಗಿ ಕಡಲಿಗೆ ಹರಿಯುವುದನ್ನು ರಿಪ್ ಕರೆಂಟ್ ಎನ್ನುತ್ತಾರೆ. ಮೋಸವಿರುವುದು ಅದರ ರೂಪದಲ್ಲಿ: ಎರಡೂ ಬದಿಗಳಲ್ಲಿ ಬಿಳಿ ನೊರೆಯ ಅಲೆಗಳು ಒಡೆಯುತ್ತಿರುವಾಗ ನಡುವೆ ಸ್ವಲ್ಪ ಕಪ್ಪಗೆ, ಅಲೆಯಿಲ್ಲದೆ, ಇಳಿಯಲು ಹೇಳಿ ಮಾಡಿಸಿದಂತೆ ಕಾಣುವ ಪಟ್ಟಿಯೇ ಅಪಾಯದ ಜಾಗ. ಸಿಕ್ಕಿಬಿದ್ದರೆ ದಡದತ್ತ ನೇರವಾಗಿ ಈಜಿ ದಣಿಯಬಾರದು. ತೇಲುತ್ತ ಧೈರ್ಯ ತಂದುಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಂದ ಮೇಲೆ ದಡದ ಕಡೆಗೆ ತಿರುಗಬೇಕು, ಈಜಿ ಹೊರಬರಲಾಗದಿದ್ದರೆ ತೇಲುತ್ತಲೇ ಕೈ ಎತ್ತಿ ಸಹಾಯ ಕೇಳಬೇಕು. ಜೀವರಕ್ಷಕರಿರುವ ಕಿನಾರೆಗಳಲ್ಲಿ ಕೆಂಪು ಹಳದಿ ಬಣ್ಣದ ಎರಡು ಬಾವುಟಗಳ ನಡುವಿನ ನೀರು ಅವರ ಕಣ್ಗಾವಲಿನಲ್ಲಿರುತ್ತದೆ. ಬರೀ ಕೆಂಪು ಬಾವುಟವಿದ್ದರೆ ನಾನು ನೀರಿಗಿಳಿಯುವುದೇ ಇಲ್ಲ. ನನ್ನ ಮೂರು ತಂಗುದಾಣಗಳಲ್ಲಿ ಒಂದಾದರೂ ಜೀವರಕ್ಷಕರಿರುವ ಕಿನಾರೆಯಾಗಿರುತ್ತದೆ, ಈಜುವ ಆಸೆಯನ್ನೆಲ್ಲ ಅಲ್ಲಿಯೇ ತೀರಿಸಿಕೊಳ್ಳುತ್ತೇವೆ.

ಕಡಲಿಗೆ ಚಾಚಿಕೊಂಡ ಗುಡ್ಡದ ಬುಡದಲ್ಲಿ ಸುತ್ತಿ ಆಚೆಯ ಕಿನಾರೆಗೆ ಹೋಗುವ ಹಂಬಲ ಎಲ್ಲರಿಗೂ ಒಮ್ಮೆಯಾದರೂ ಬರುತ್ತದೆ. ನನಗೆ ಬಂದಾಗ ಇಳಿತ ಮುಗಿದು ಎರಡು ಗಂಟೆಯಾಗಿತ್ತು. ಹೋಗುವಾಗ ಪಾದ ಮಾತ್ರ ಒದ್ದೆಯಾಗಿದ್ದ ಜಾಗದಲ್ಲಿ ಮುಕ್ಕಾಲು ಗಂಟೆ ಬಿಟ್ಟು ಮರಳುವಾಗ ನೀರು ಸೊಂಟಕ್ಕೆ ಬಂದಿತ್ತು, ಚಿಪ್ಪುಗಳಂಟಿದ ಬಂಡೆಯನ್ನು ಹಿಡಿದು ಹತ್ತಿದ್ದರಿಂದ ಎರಡೂ ಅಂಗೈಗಳು ಸುಲಿದಿದ್ದವು. ಮೇಲೆ ಬಲೆ ಒಣಹಾಕುತ್ತಿದ್ದ ಹಿರಿಯರೊಬ್ಬರು, "ನೀರು ತಿರುಗಿದ ಮೇಲೆ ಹೋಗುವುದಾ ನೀವು? ಮೊದಲು ಮೆಲ್ಲಗೆ ಬರುತ್ತದೆ, ಆಮೇಲೆ ಓಡಿ ಬರುತ್ತದೆ" ಎಂದರು. ನಾವಿಕರು ಬಳಸುವ ಹನ್ನೆರಡರ ಲೆಕ್ಕ ಹೇಳುವುದೂ ಅದನ್ನೇ. ಏರಿಕೆಯ ಆರು ಗಂಟೆಗಳಲ್ಲಿ ಮೊದಲ ಗಂಟೆಗೆ ಒಟ್ಟು ಏರಿಕೆಯ ಹನ್ನೆರಡನೆಯ ಒಂದು ಭಾಗ, ಎರಡನೆಯದಕ್ಕೆ ಎರಡು ಭಾಗ, ಮೂರು ಮತ್ತು ನಾಲ್ಕನೆಯದಕ್ಕೆ ತಲಾ ಮೂರು ಭಾಗ, ಬಳಿಕ ಮತ್ತೆ ಎರಡು, ಒಂದು. ಅಂದರೆ ಅರ್ಧದಷ್ಟು ಏರಿಕೆ ನಡುವಿನ ಎರಡೇ ಗಂಟೆಗಳಲ್ಲಿ ಆಗಿಬಿಡುತ್ತದೆ. ನಾನು ಹೊರಟದ್ದು ಸರಿಯಾಗಿ ಆ ಎರಡು ಗಂಟೆಗಳ ಬಾಗಿಲಲ್ಲಿ. ಈಗ ಇಂಥ ನಡಿಗೆಯನ್ನು ಇಳಿತಕ್ಕೆ ಒಂದು ಗಂಟೆ ಮೊದಲು ಆರಂಭಿಸಿ, ಇಳಿತದ ಹೊತ್ತಿಗೆಲ್ಲ ಹಿಂದಿರುಗುವ ದಾರಿ ಹಿಡಿದಿರುತ್ತೇನೆ.

ಋತುವಿನ ಬಗ್ಗೆ ಒಂದು ಮಾತು. ಅಬ್ಬರದ ಅಲೆಗಳ ಕಾಲದಲ್ಲಿ ಕಡಲು ದಡದ ಮರಳನ್ನು ಕೊರೆದು ನೀರೊಳಗಿನ ದಿಬ್ಬಗಳಿಗೆ ಸಾಗಿಸುತ್ತದೆ, ಶಾಂತ ಕಾಲದ ಮೆಲ್ಲನೆಯ ಅಲೆಗಳು ಅದನ್ನು ತಿಂಗಳುಗಟ್ಟಲೆ ಹಿಂದಕ್ಕೆ ತಂದು ಪೇರಿಸುತ್ತವೆ. ಆದ್ದರಿಂದ ಬಿರುಗಾಳಿಯ ಕಾಲ ಮುಗಿದ ಮರುವಾರವೇ ಹೋದರೆ ಮಳೆಯಿಲ್ಲದಿದ್ದರೂ ಕಿನಾರೆ ಇನ್ನೂ ಸೊರಗಿಯೇ ಇರುತ್ತದೆ. ಕೆಲವು ಬದಲಾವಣೆಗಳಂತೂ ಹಿಂದಕ್ಕೆ ಬರುವುದೇ ಇಲ್ಲ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಕಟ್ಟಿದ ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡ್ ಕಡಲತೀರದ ಪ್ರವಾಸಿಗರಿಗೆಲ್ಲ ಗೊತ್ತು. ಸುಮಾರು 240 ಕಿಲೋಮೀಟರುಗಳ ಆ ರಸ್ತೆಯ ಪಕ್ಕದಲ್ಲಿ ಲಂಡನ್ ಬ್ರಿಜ್ ಎಂದು ಕರೆಯುತ್ತಿದ್ದ ಕಲ್ಲಿನ ಕಮಾನೊಂದರ ದಡದ ಕಡೆಯ ಭಾಗ 1990ರ ಜನವರಿಯಲ್ಲಿ ಕುಸಿದು, ತುದಿಯಲ್ಲಿದ್ದ ಇಬ್ಬರು ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಕರೆತರಬೇಕಾಯಿತು. ಟ್ವೆಲ್ವ್ ಅಪೋಸಲ್ಸ್ ಕಲ್ಲುಕಂಬಗಳಲ್ಲಿ ಒಂದು 2005ರಲ್ಲಿ ಉರುಳಿತು. ಹತ್ತು ವರ್ಷ ಹಳೆಯ ಚಿತ್ರ ನೋಡಿ ಕಿನಾರೆಯನ್ನು ಆರಿಸಿಕೊಳ್ಳಬಾರದು ಎಂಬ ಎಚ್ಚರಿಕೆ ನನಗೆ ಬಂದದ್ದು ಆ ಸುದ್ದಿಗಳನ್ನು ಓದಿದ ಮೇಲೆ.

ಚೀಲದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತಲೆಯ ಮೇಲೆ ಕೊಡೆ ಹಿಡಿದ ಮಾತ್ರಕ್ಕೆ ಬಿಸಿಲಿನಿಂದ ಪಾರಾದೆವೆಂದು ತಿಳಿಯಬಾರದು, ಏಕೆಂದರೆ ಒಣ ಮರಳು ಅತಿನೇರಳೆ ಕಿರಣಗಳ ಸುಮಾರು 15 ಶೇಕಡಾವನ್ನೂ ನೊರೆಯು ಸುಮಾರು 25 ಶೇಕಡಾವನ್ನೂ ಕೆಳಗಿನಿಂದ ನಮ್ಮತ್ತ ತಿರುಗಿಸುತ್ತವೆ. ತೋಳು ಮುಚ್ಚುವ ತೆಳು ಹತ್ತಿ ಅಂಗಿ, ಉಪ್ಪುನೀರಿಗೆ ಹೆದರದ ಚಪ್ಪಲಿ, ಫೋನಿಗೆ ಬಾಯಿ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲ, ಇಷ್ಟಿದ್ದರೆ ಸಾಕು. ಟಾರ್ಚ್ ಇರಲಿ, ಆದರೆ ಆಮೆಗಳು ಮೊಟ್ಟೆಯಿಡುವ ಕಿನಾರೆಯಾದರೆ ರಾತ್ರಿ ಅದನ್ನು ಹೊತ್ತಿಸದೆ ದೂರವಿರುವುದೇ ಸರಿ, ಬೆಳಕಿಗೆ ತಾಯಿ ಆಮೆ ಹಿಂದಿರುಗಿಬಿಡುತ್ತದೆ, ಮರಿಗಳು ದಿಕ್ಕು ತಪ್ಪುತ್ತವೆ.

ಮುಂದಿನ ಪ್ರವಾಸವನ್ನು ಅಮಾವಾಸ್ಯೆಯ ಮರುದಿನದಿಂದ ಆರಂಭಿಸುವುದೆಂದು ತೀರ್ಮಾನವಾಗಿದೆ. ದೊಡ್ಡ ಇಳಿತಗಳು ಮೊದಲ ದಿನಗಳಲ್ಲೇ ಸಿಗುತ್ತವೆ, ಜೊತೆಗೆ ಚಂದ್ರನ ಬೆಳಕಿಲ್ಲದ ರಾತ್ರಿಗಳಲ್ಲಿ ಸೂಕ್ಷ್ಮಜೀವಿಗಳಿಂದ ಅಲೆಯ ಅಂಚು ನೀಲಿಯಾಗಿ ಮಿನುಗುವುದನ್ನು ಕಾಣುವ ಸಾಧ್ಯತೆಯೂ ಇರುತ್ತದೆ. ಕೋಷ್ಟಕದಲ್ಲಿ ಆರು ರಾತ್ರಿಗಳಿಗೆ ಊರಿನ ಹೆಸರು ಬರೆದು ಐದನೆಯದನ್ನು ಖಾಲಿ ಬಿಟ್ಟಿದ್ದೆ. ನಿನ್ನೆ ನೋಡಿದರೆ ಆ ಖಾಲಿ ಅಂಕಣದಲ್ಲಿ ಅಕ್ಕ ಪೆನ್ಸಿಲಿನಿಂದ, ನಾವು ಅಂದು ನಲವತ್ತು ನಿಮಿಷ ಗೋಡೆಯ ಮೇಲೆ ಕುಳಿತು ಎದ್ದುಬಂದಿದ್ದ ಕಿನಾರೆಯ ಹೆಸರು ಬರೆದಿದ್ದಾಳೆ.