ಅವರು ನಿನಗ ಯಾಕ ರೊಕ್ಕ ಕೊಡ್ತಾರ?

ಮುಂದಿನ ತಿಂಗಳು ಅಮೆರಿಕಕ್ಕೆ ಹೊರಡುತ್ತಿದ್ದೇನೆ, ಓಷನೋಗ್ರಫಿಯಲ್ಲಿ (ಸಮುದ್ರ ವಿಜ್ಞಾನ) ಪಿಎಚ್‌ಡಿ ಮಾಡೋಕೆ. ಸುದ್ದಿ ಹರಡಿದ ವಾರ ಗೋವಾದ ವಾಸ್ಕೋದ ಬೈನಾದಲ್ಲಿ ನಮ್ಮ ಓಣಿಯವರು ಒಬ್ಬೊಬ್ಬರಾಗಿ ಮನೆಗೆ ಬಂದು ಹೋದರು. ಎಲ್ಲರೂ ಕೇಳಿದ್ದು ಹೆಚ್ಚುಕಡಿಮೆ ಒಂದೇ. ಎಷ್ಟು ಲಕ್ಷ ಆಯ್ತು, ಬ್ಯಾಂಕ್ ಲೋನ್ ತಗೊಂಡ್ರಾ, ಊರಾಗಿನ ಹೊಲ ಮಾರಿದ್ರೇನು? ಹೊಲ ಮಾರಿಲ್ಲ. ಲೋನ್ ಇಲ್ಲ. ಆ ಯುನಿವರ್ಸಿಟಿಯವರೇ ಫೀ ಮಾಫಿ ಮಾಡಿ, ಮೇಲೆ ತಿಂಗಳು ತಿಂಗಳು ಸಂಬಳದ ಹಾಗೆ ದುಡ್ಡು ಕೊಡುತ್ತಾರೆ ಅಂದರೆ ಯಾರೂ ನಂಬಲಿಲ್ಲ. ಎರಡು ವರ್ಷದ ಹಿಂದೆ ಅಪ್ಪನೂ ನಂಬಿರಲಿಲ್ಲ.

ಅಪ್ಪನಿಗೆ ಅದಕ್ಕೆ ಕಾರಣ ಇತ್ತು. ಬಾದಾಮಿ ಕಡೆಯಿಂದ ದುಡಿಯೋಕೆ ಗೋವಾಕ್ಕೆ ಬಂದವನು, ಬಾರ್ಜ್ ರಿಪೇರಿ ಯಾರ್ಡ್‌ನಲ್ಲಿ ವೆಲ್ಡರ್. ನಾನು ಪ್ರೈಮರಿಯಲ್ಲಿದ್ದಾಗ ಒಬ್ಬ ಏಜೆಂಟ್ ಗಲ್ಫಿನಲ್ಲಿ ವೆಲ್ಡಿಂಗ್ ಕೆಲಸ ಕೊಡಿಸ್ತೀನಿ ಅಂತ 70 ಸಾವಿರ ತಗೊಂಡು ಮಾಯವಾದ. ಆ ದುಡ್ಡು ತೀರಿಸೋಕೆ ಅವ್ವ ನಾಲ್ಕು ವರ್ಷ ಎರಡೆರಡು ಮನೆ ಕೆಲಸ ಜಾಸ್ತಿ ಮಾಡಿದಳು. ಹಾಗಾಗಿ 2022ರಲ್ಲಿ ನಾನು ಪಿಎಚ್‌ಡಿ ಅಂತ ಬಾಯಿ ತೆಗೆದಾಗ ಅಪ್ಪ ಕೇಳಿದ್ದು ಒಂದೇ ಮಾತು: 'ಅಲ್ಲಿಯವರು ನಿನಗ ಯಾಕ ರೊಕ್ಕ ಕೊಡ್ತಾರ?'

ನನ್ನ ಹತ್ತಿರ ಉತ್ತರ ಇರಲಿಲ್ಲ. 'ಹಂಗ ರೂಲ್ಸ್ ಐತಿ ಅಪ್ಪಾ' ಅಂದೆ. ಅವನು ತಲೆಯಾಡಿಸಿ ಸುಮ್ನೆ ಎದ್ದು ಹೋದ.

ಆ ವರ್ಷ ಆರು ಕಡೆ ಅಪ್ಲೈ ಮಾಡಿದೆ. ಒಂದೊಂದಕ್ಕೆ 75ರಿಂದ 110 ಡಾಲರ್ ಫೀ. ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಫೀ ಬೇರೆ. ಎಲ್ಲ ಸೇರಿ 60 ಸಾವಿರ ದಾಟಿತು. ಅದು ನನ್ನ ಎಂಎಸ್ಸಿ ಸಮಯದ ಟ್ಯೂಷನ್ ದುಡ್ಡು, ಸಂಜೆ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಟ್ಟಿದ್ದು. ಫೆಬ್ರವರಿಯಿಂದ ಏಪ್ರಿಲ್ ತನಕ ಆರೂ ಕಡೆಯಿಂದ ಇಲ್ಲ ಅಂತ ಬಂತು. ಕೊನೆಯ ಮೇಲ್ ಬಂದ ದಿನ ನಾನು ಬೋಗ್ಮಾಳೋ ಬೀಚಿಗೆ ಹೋಗಿ ಕತ್ತಲಾಗೋವರೆಗೂ ಕೂತಿದ್ದೆ. ಮನೆಯಲ್ಲಿ ಹೇಳೋಕೆ ಎರಡು ದಿನ ಬೇಕಾಯಿತು.

ಆಮೇಲೆ ಪಣಜಿಯ ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋದೆ. ಆತ 80 ಸಾವಿರದ ಪ್ಯಾಕೇಜ್ ತೋರಿಸಿದ, ಪಿಎಚ್‌ಡಿ ಬಿಟ್ಟು ಮಾಸ್ಟರ್ಸ್‌ಗೆ ಹಾಕಿ, ಸುಲಭ ಅಂದ. ಮಾಸ್ಟರ್ಸ್‌ಗೆ ಮಕ್ಕಳನ್ನು ಕಳಿಸಿದರೆ ಎಷ್ಟೋ ಯುನಿವರ್ಸಿಟಿಗಳು ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಪಿಎಚ್‌ಡಿಯಲ್ಲಿ ಆ ಕಮಿಷನ್ ಸಾಮಾನ್ಯವಾಗಿ ಹುಟ್ಟುವುದಿಲ್ಲ. ಇದನ್ನು ನಾನು ನಂತರ ತಿಳಿದುಕೊಂಡೆ. ಆದರೆ ಆ ಆಫೀಸಿನಲ್ಲಿ ಕೂತಾಗಲೇ ಅಪ್ಪನ ಏಜೆಂಟ್ ನೆನಪಾದ, ಎದ್ದು ಬಂದೆ. ವಿಜ್ಞಾನದಲ್ಲಿ ಪಿಎಚ್‌ಡಿ ಸೀಟಿಗೆ ನೀವೇ ಲಕ್ಷಗಟ್ಟಲೆ ಕಟ್ಟಬೇಕು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಎದ್ದು ಬನ್ನಿ.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದೋಣಿಯಲ್ಲಿ.

ಎಂಎಸ್ಸಿ ಮುಗಿಸಿ ನಾನು ಒಂದು ಪ್ರಾಜೆಕ್ಟಿನಲ್ಲಿ ಸಹಾಯಕಿಯಾಗಿದ್ದೆ. ದೋನಾ ಪಾವ್ಲಾದ ಎನ್‌ಐಒ, ಅಂದರೆ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, 1997ರಿಂದ ಕ್ಯಾಂಡೋಲಿಮ್ ಬೀಚಿನ ಎದುರಿನ ಕಡಲಲ್ಲಿ ಒಂದೇ ಜಾಗದ ನೀರನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾ ಬಂದಿದೆ. ನಾನೂ ಆ ಕಡಲಿಗೆ ಹೋಗುತ್ತಿದ್ದೆ. ಬೇರೆ ಬೇರೆ ಆಳಕ್ಕೆ ಬಾಟಲಿ ಇಳಿಸಿ ನೀರು ತೆಗೆಯುತ್ತೇವೆ. ಅದರಲ್ಲಿ ಆಮ್ಲಜನಕ ಎಷ್ಟಿದೆ ನೋಡೋಕೆ ದೋಣಿಯಲ್ಲೇ ಎರಡು ರಾಸಾಯನಿಕ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ತಳಕ್ಕೆ ಕೂರುತ್ತದೆ, ಇಲ್ಲದಿದ್ದರೆ ಬಿಳಿಯದಾಗಿಯೇ ಉಳಿಯುತ್ತದೆ. ವಿಂಕ್ಲರ್ ವಿಧಾನ ಅಂತಾರೆ, ನೂರು ವರ್ಷಕ್ಕಿಂತ ಹಳೆಯದು. 2023ರ ಸೆಪ್ಟೆಂಬರಿನಲ್ಲಿ ಮೇಲಿನ ಬಾಟಲಿ ಕಂದಾಯಿತು, ನಡುವಿನದು ತೆಳು ಕಂದು, ತಳದ್ದು ಹಾಲಿನ ಹಾಗೆ ಬಿಳಿ. ಅಲ್ಲಿ ಮೀನು ಉಸಿರಾಡೋಕೆ ಏನೂ ಇಲ್ಲ. ಮೂರು ವಾರ ಬಿಟ್ಟು ಹೋದಾಗ ತಳದ ನೀರು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು.

ಇದು ಯಾಕಾಗುತ್ತದೆ ಅಂದರೆ, ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ದಡದ ಕಡೆ ಮೇಲೇರುತ್ತದೆ. ಅದರಲ್ಲಿ ಗೊಬ್ಬರದ ಅಂಶ ಜಾಸ್ತಿ, ಆಮ್ಲಜನಕ ಮೊದಲೇ ಕಡಿಮೆ. ಮೇಲೆ ಮಳೆಯ ಮತ್ತು ನದಿಯ ಸಿಹಿನೀರು ಮುಚ್ಚಳದ ಹಾಗೆ ಕೂರುತ್ತದೆ, ಗಾಳಿ ಕೆಳಗೆ ಇಳಿಯೋಕೆ ದಾರಿಯಿಲ್ಲ. ಮೇಲ್ಗಡೆ ಬೆಳೆದ ಪಾಚಿ ಸತ್ತು ಕೆಳಗೆ ಬಿದ್ದು ಕೊಳೆಯುವಾಗ ಉಳಿದಿದ್ದ ಆಮ್ಲಜನಕವೂ ಖಾಲಿ. ಆಮೇಲೆ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೀರಿನಲ್ಲಿರುವ ನೈಟ್ರೇಟ್ ಬಳಸುತ್ತವೆ, ಆ ದಾರಿಯಲ್ಲಿ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರಾಗಿ ಭೂಮಿಯನ್ನು ಬಿಸಿ ಮಾಡುವ ಅನಿಲ ಅದು. ನೈಟ್ರೇಟೂ ಮುಗಿದರೆ ಆ ಕೊಳೆತ ಮೊಟ್ಟೆಯ ನಾತ.

ಅವತ್ತು ರಾತ್ರಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಊಟ ಮಾಡ್ತಾ ಕೇಳಿಸಿಕೊಂಡ. ನಂತರ, 'ಅಂದ್ರ ಆ ನೀರು ಮುಟ್ಟಿ ನೋಡಿದ ಮಂದಿ ಭಾಳ ಇಲ್ಲ. ನೀ ಒಬ್ಬಾಕಿ. ಅದಕ್ಕ ಕೊಡ್ತಾರ' ಅಂದ.

ನಾನು ತಟ್ಟೆ ಬಿಟ್ಟು ಅವನ ಮುಖ ನೋಡಿದೆ. ಒಂದು ವರ್ಷ ನಾನು ಎಸ್‌ಒಪಿಯಲ್ಲಿ ಬರೆಯೋಕೆ ಒದ್ದಾಡಿದ್ದು ಇದೇ ಮಾತನ್ನು. ಎಸ್‌ಒಪಿ ಅಂದರೆ ಯಾಕೆ, ಏನು ಓದಬೇಕು ಅಂತ ಅರ್ಜಿಯ ಜೊತೆ ಬರೆದುಕೊಡುವ ಪತ್ರ. ಮೊದಲ ವರ್ಷದ ನನ್ನ ಎಸ್‌ಒಪಿ 'ಬಾಲ್ಯದಿಂದಲೂ ಕಡಲೆಂದರೆ ನನಗೆ ಬೆರಗು' ಅಂತ ಶುರುವಾಗುತ್ತಿತ್ತು. ಬೆರಗು ನಿಜವೇ, ಆದರೆ ಅದಕ್ಕೆ ಯಾರು ಐದು ವರ್ಷ ಸಂಬಳ ಕೊಡುತ್ತಾರೆ? ಎರಡನೇ ಸಲ ಬಿಳಿ ಗಸಿಯ ಬಾಟಲಿಯಿಂದ ಶುರು ಮಾಡಿದೆ. ಏನು ನೋಡಿದೆ, ಏನು ಅರ್ಥವಾಗಲಿಲ್ಲ, ಅದನ್ನು ತಿಳಿಯೋಕೆ ಯಾವ ಅಳತೆ ಬೇಕು, ಆ ಅಳತೆ ಮಾಡುವ ಯಂತ್ರ ಯಾರ ಲ್ಯಾಬಿನಲ್ಲಿದೆ. ಎರಡು ಪುಟ, ಅಷ್ಟೆ. ನಮ್ಮ ಮನೆಯ ಬಗ್ಗೆ ಒಂದೇ ಸಾಲು ಬರೆದೆ. ಬಡತನದ ಕಥೆ ಹೇಳಿ ಮರುಕ ಗಳಿಸೋದು ನನಗೆ ಬೇಡವಾಗಿತ್ತು.

ಇನ್ನು ಪ್ರೊಫೆಸರ್‌ಗಳಿಗೆ ಮೇಲ್ ಮಾಡುವ ವಿಷಯ. ಕೆಲವು ಸಬ್ಜೆಕ್ಟುಗಳಲ್ಲಿ ಇದು ಅಷ್ಟು ಬೇಕಾಗುವುದಿಲ್ಲ, ವಿಭಾಗವೇ ಒಟ್ಟಾಗಿ ಆರಿಸಿಕೊಂಡು ಮೊದಲ ವರ್ಷ ಬೇರೆ ಬೇರೆ ಲ್ಯಾಬು ಸುತ್ತಿಸುತ್ತದೆ. ಓಷನೋಗ್ರಫಿಯಲ್ಲಿ ಸಾಮಾನ್ಯವಾಗಿ ಹಾಗಲ್ಲ. ಒಬ್ಬ ಪ್ರೊಫೆಸರ್ ಹತ್ತಿರ ಗ್ರಾಂಟ್, ಅಂದರೆ ಸಂಶೋಧನೆಗೆ ಸಿಕ್ಕ ದುಡ್ಡು, ಇರಬೇಕು, ಅವರಿಗೆ ನೀವು ಬೇಕು ಅನ್ನಿಸಬೇಕು. ಇಲ್ಲದಿದ್ದರೆ ಮಾರ್ಕ್ಸ್ ಎಷ್ಟಿದ್ದರೂ ಅರ್ಜಿ ಮುಂದೆ ಹೋಗುವುದು ಕಷ್ಟ. ಮೊದಲ ವರ್ಷ ನಾನು 40 ಜನರಿಗೆ ಒಂದೇ ಮೇಲ್ ಕಳಿಸಿದ್ದೆ, ಹೆಸರು ಮಾತ್ರ ಬದಲಿಸಿ. ಇಬ್ಬರು ಉತ್ತರ ಬರೆದರು. ಎರಡನೇ ಸಲ ಆಗಸ್ಟ್‌ನಿಂದ ಅಕ್ಟೋಬರ್ ತನಕ ಒಂಬತ್ತೇ ಜನ. ಪ್ರತಿಯೊಬ್ಬರ ಒಂದು ಪೇಪರನ್ನು ಪೂರ್ತಿ ಓದಿ, ಅದರಲ್ಲಿ ನನಗೆ ಹುಟ್ಟಿದ ಒಂದು ಪ್ರಶ್ನೆ ಕೇಳಿ, ಮುಂದಿನ ವರ್ಷ ವಿದ್ಯಾರ್ಥಿ ತಗೊಳ್ತೀರಾ ಅಂತ ನೇರವಾಗಿ ಕೇಳಿದೆ. ಐದು ಜನ ಉತ್ತರಿಸಿದರು. ಅದರಲ್ಲಿ ಇಬ್ಬರು ಈ ವರ್ಷ ದುಡ್ಡಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಿದರು. ಅದರಿಂದ ಎರಡು ಅಪ್ಲಿಕೇಶನ್ ಫೀ ಉಳಿಯಿತು. ಹೀಗೆ ಕೇಳೋದು ಮರ್ಯಾದೆ ಅಲ್ಲ ಅಂತ ನಮ್ಮಲ್ಲಿ ಅನ್ನಿಸುತ್ತದೆ. ಅಲ್ಲಿಯವರು ಹಾಗೆ ತಿಳಿಯುವುದಿಲ್ಲ, ಕೇಳಿ.

ದುಡ್ಡು ಉಳಿಸುವ ಬೇರೆ ದಾರಿಗಳೂ ಇವೆ, ನನಗೆ ಮೊದಲೇ ಗೊತ್ತಿದ್ದರೆ ಆ 60 ಸಾವಿರದಲ್ಲಿ ಅರ್ಧ ಉಳಿಯುತ್ತಿತ್ತು. ಜಿಆರ್‌ಇ ಅನ್ನೋ ಪ್ರವೇಶ ಪರೀಕ್ಷೆಯನ್ನು ಈಗ ಎಷ್ಟೋ ವಿಭಾಗಗಳು ಕೇಳುವುದೇ ಇಲ್ಲ, ಅವರ ಪುಟ ಓದದೆ ಪರೀಕ್ಷೆಗೆ ದುಡ್ಡು ಕಟ್ಟಬೇಡಿ. ಟೋಫೆಲ್‌ನಲ್ಲಿ ಪರೀಕ್ಷೆಗೆ ಮೊದಲೇ ಹೆಸರು ಕೊಟ್ಟರೆ ನಾಲ್ಕು ಕಡೆಗೆ ಸ್ಕೋರ್ ಫ್ರೀಯಾಗಿ ಹೋಗುತ್ತದೆ, ಆಮೇಲೆ ಕಳಿಸಿದರೆ ಒಂದೊಂದಕ್ಕೂ ಬೇರೆ ದುಡ್ಡು. ಮಾರ್ಕ್ಸ್‌ಕಾರ್ಡಿನ ಸ್ಕ್ಯಾನ್ ಹಾಕಿದರೆ ಅರ್ಜಿಗೆ ಬಹಳ ಕಡೆ ಸಾಕು, ಸೀಲ್ ಮಾಡಿದ ಟ್ರಾನ್ಸ್‌ಕ್ರಿಪ್ಟ್ ಸೀಟ್ ಸಿಕ್ಕ ಮೇಲೆ ಕೇಳುತ್ತಾರೆ. ನಿಮ್ಮ ಸಿಜಿಪಿಎ 10ಕ್ಕೆ ಇದ್ದರೆ 10ಕ್ಕೇ ಬರೆಯಿರಿ, ಅವರು ಹೇಳದೆ 4ಕ್ಕೆ ಇಳಿಸಬೇಡಿ. ಎಲ್ಲಕ್ಕಿಂತ ಮುಖ್ಯ ಅರ್ಜಿ ಫೀ ಮಾಫಿ. ಹೊರದೇಶದವರಿಗೆ ಎಲ್ಲ ಕಡೆ ಸಿಗಲ್ಲ, ಆದರೆ ಕೆಲವು ವಿಭಾಗಗಳಲ್ಲಿ ಕೇಳಿದರೆ ಸಿಗುತ್ತದೆ. ನಾನು ಮೂರು ಕಡೆ ಕೇಳಿದೆ, ಒಂದು ಕಡೆ ಕೊಟ್ಟರು. 90 ಡಾಲರ್. ನಮ್ಮ ಮನೆಯಲ್ಲಿ ಅದು ಒಂದು ತಿಂಗಳ ರೇಷನ್ನು.

ರೆಕಮೆಂಡೇಶನ್ ಲೆಟರ್ ಮೂರು ಬೇಕು. ಒಬ್ಬ ಸರ್ 'ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ' ಅಂದರು. ನಮ್ಮ ಕಡೆ ಇದು ಮಾಮೂಲಿ. ಮೊದಲ ವರ್ಷ ಹಾಗೇ ಬರೆದೆ, ಅದು ತಪ್ಪು. ಮೂರು ಪತ್ರದಲ್ಲೂ ಒಂದೇ ದನಿ ಇದ್ದರೆ ಓದುವವರಿಗೆ ಗೊತ್ತಾಗಲ್ವಾ? ಎರಡನೇ ಸಲ ಅವರ ಲ್ಯಾಬಿನಲ್ಲಿ ನಾನು ಮಾಡಿದ ಕೆಲಸ, ತಾರೀಖು, ಎಲ್ಲಿ ಎಡವಿದೆ, ಹೇಗೆ ಸರಿ ಮಾಡಿದೆ ಅಂತ ಒಂದು ಪುಟ ಬರೆದುಕೊಟ್ಟು, ಸರ್ ನಿಮ್ಮ ಮಾತಿನಲ್ಲೇ ಬರೆಯಿರಿ, ಎರಡೇ ಪ್ಯಾರಾ ಸಾಕು ಅಂತ ಕೇಳಿಕೊಂಡೆ. ಬರೆದರು, ಕೊನೆಯ ದಿನ. ಡಿಸೆಂಬರ್ 15 ಕೊನೆಯ ದಿನಾಂಕ ಅಂದರೆ ಅಲ್ಲಿಯ ಮಧ್ಯರಾತ್ರಿ. ಅಮೆರಿಕದ ಪಶ್ಚಿಮ ತೀರದ ಗಡಿಯಾರದಲ್ಲಿ ಅದು ನಮಗೆ 16ರ ಮಧ್ಯಾಹ್ನ ಒಂದೂವರೆ. ಆ ಹದಿಮೂರೂವರೆ ಗಂಟೆಯೇ ನನ್ನ ಅರ್ಜಿಯನ್ನು ಉಳಿಸಿತು.

ಯೂರೋಪ್ ಬಗ್ಗೆಯೂ ಒಂದು ಮಾತು. ನೆದರ್ಲ್ಯಾಂಡ್ಸ್, ನಾರ್ವೆ, ಸ್ವೀಡನ್, ಜರ್ಮನಿಯಲ್ಲಿ ಪಿಎಚ್‌ಡಿ ಬಹಳ ಕಡೆ ನೌಕರಿಯೇ. ವರ್ಷವಿಡೀ ಜಾಹೀರಾತು ಬರುತ್ತವೆ, ಅರ್ಜಿಗೆ ಸಾಮಾನ್ಯವಾಗಿ ಫೀ ಇಲ್ಲ. ಆದರೆ ಎಂಎಸ್ಸಿ ಮುಗಿದಿರಬೇಕು. ದುಡ್ಡಿನ ತೊಂದರೆ ಇದ್ದವರು ಮೊದಲು ಆ ಕಡೆ ನೋಡಿ. ನಾನೂ ಜರ್ಮನಿಯ ಕೀಲ್‌ನ ಗೆಯೊಮಾರ್ ಸಮುದ್ರ ಸಂಶೋಧನಾ ಕೇಂದ್ರ, ಬ್ರೆಮೆನ್‌ನ ಮ್ಯಾಕ್ಸ್ ಪ್ಲಾಂಕ್ ಸಾಗರ ಸೂಕ್ಷ್ಮಜೀವಿ ಸಂಸ್ಥೆ, ಇವುಗಳ ಜಾಹೀರಾತನ್ನು ಪ್ರತಿ ಸೋಮವಾರ ತೆಗೆದು ನೋಡುತ್ತಿದ್ದೆ.

ಜನವರಿಯಲ್ಲಿ ಒಂದು ಕಡೆಯಿಂದ ಇಂಟರ್‌ವ್ಯೂ ಬಂತು, ರಾತ್ರಿ ಒಂಬತ್ತೂವರೆಗೆ. ನಮ್ಮದು ಒಂದೂವರೆ ಕೋಣೆಯ ಮನೆ. ಅವ್ವ ಟಿವಿ ಪ್ಲಗ್ ಕಿತ್ತಳು, ತಮ್ಮ ಹೊರಗೆ ಕಟ್ಟೆ ಮೇಲೆ ಕೂತ, ಅಪ್ಪ ಪಕ್ಕದ ಮನೆಯವರಿಗೆ ಒಂದು ತಾಸು ಗದ್ದಲ ಮಾಡಬ್ಯಾಡ್ರಿ ಅಂತ ಹೇಳಿ ಬಂದ. ಪ್ರೊಫೆಸರ್ ನನ್ನ ಮಾರ್ಕ್ಸ್ ಬಗ್ಗೆ ಏನೂ ಕೇಳಲಿಲ್ಲ. ಆ ಬಿಳಿ ಬಾಟಲಿಯ ಬಗ್ಗೆಯೇ ಅರ್ಧ ಗಂಟೆ ಮಾತಾಡಿದೆವು. ಮುಚ್ಚಳ ಹಾಕುವಾಗ ಗಾಳಿಗುಳ್ಳೆ ಸೇರಿರಲಿಲ್ಲ ಅಂತ ಹೇಗೆ ಹೇಳ್ತೀಯಾ ಅಂತ ಕೇಳಿದರು. ತಳದಿಂದಲೇ ಮೂರು ಬಾಟಲಿ ತೆಗೆದಿದ್ದೆ, ಮೂರೂ ಬಿಳಿ ಅಂದೆ.

ಫೆಬ್ರವರಿ ಕೊನೆಗೆ ಪತ್ರ ಬಂತು. ಟ್ಯೂಷನ್ ಪೂರ್ತಿ ಮಾಫಿ, ಹೆಲ್ತ್ ಇನ್ಶೂರೆನ್ಸ್, ವರ್ಷಕ್ಕೆ 38 ಸಾವಿರ ಡಾಲರ್ ಸ್ಟೈಪೆಂಡ್. ಇದನ್ನು ರೂಪಾಯಿಗೆ ಗುಣಿಸಿ ಹಿಗ್ಗಬೇಡಿ, ಅಲ್ಲಿ ಬಾಡಿಗೆಗೇ ಅರ್ಧದ ಹತ್ತಿರ ಹೋಗುತ್ತದೆ. ಉತ್ತರ ಕೊಡೋಕೆ ಏಪ್ರಿಲ್ 15ರ ತನಕ ಸಮಯ ಇರುತ್ತದೆ, ಅಮೆರಿಕದ ಬಹಳ ಯುನಿವರ್ಸಿಟಿಗಳು ಸೇರಿ ಒಪ್ಪಿಕೊಂಡಿರುವ ದಿನಾಂಕ ಅದು. ನಾನು ಎರಡೇ ದಿನದಲ್ಲಿ ಹೂಂ ಅಂದೆ.

ವೀಸಾಕ್ಕೆ ಮುಂಬೈಗೇ ಹೋಗಬೇಕಿತ್ತು. 2024ರಲ್ಲಿ ಸೆವಿಸ್ ಫೀ (ಹೊರದೇಶದ ವಿದ್ಯಾರ್ಥಿಗಳ ದಾಖಲೆಗೆ ಅಮೆರಿಕ ಸರ್ಕಾರ ತಗೊಳ್ಳೋದು) 350 ಡಾಲರ್, ವೀಸಾ ಫೀ 185 ಇತ್ತು. ಇದನ್ನು ಮಾತ್ರ ಅಪ್ಪ ಕೊಟ್ಟ, ನಾನು ಬೇಡ ಅಂದರೂ ಕೇಳಲಿಲ್ಲ. ಮಡಗಾಂವ್‌ನಿಂದ ಕೊಂಕಣ ಕನ್ಯಾ ರೈಲಿನಲ್ಲಿ ಇಬ್ಬರೂ ಹೋದೆವು. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಕಾನ್ಸುಲೇಟಿನ ಎದುರು ಬಿಸಿಲಲ್ಲಿ ನನ್ನ ಫೋನು, ಬ್ಯಾಗು ಹಿಡಿದುಕೊಂಡು ಅಪ್ಪ ನಿಂತಿದ್ದ. ಒಳಗೆ ಕಿಟಕಿಯ ಹಿಂದಿದ್ದವರು ಕೇಳಿದ್ದು ಮೂರು ಪ್ರಶ್ನೆ. ಎರಡನೆಯದು: ಖರ್ಚು ಯಾರು ಕೊಡುತ್ತಾರೆ, ಯಾಕೆ?

ಹೊರಗೆ ಬಂದ ತಕ್ಷಣ ಅಪ್ಪ 'ಏನ್ ಕೇಳಿದ್ರು?' ಅಂದ.

'ನೀ ಕೇಳಿದ್ದನ್ನ ಕೇಳಿದ್ರು ಅಪ್ಪಾ.'

'ಏನಂದಿ?'

'ನೀ ಹೇಳಿದ್ದನ್ನ ಹೇಳ್ದೆ.'

ಅವನು ಏನೂ ಅನ್ನಲಿಲ್ಲ. ನನ್ನ ಬ್ಯಾಗು ತನ್ನ ಹೆಗಲಿಗೇ ಹಾಕ್ಕೊಂಡು ಬಸ್ ಸ್ಟಾಪಿನ ಕಡೆ ನಡೆದ.

ಬೈನಾ, ಝುವಾರಿನಗರ, ಮಾಂಗೋರ್ ಹಿಲ್ ಕಡೆಯ ನಮ್ಮ ಹುಡುಗ ಹುಡುಗಿಯರು ಯಾರಾದರೂ ಈ ವರ್ಷ ಅಪ್ಲೈ ಮಾಡುವುದಿದ್ದರೆ ಎಸ್‌ಒಪಿ ಕಳಿಸಿ, ಕೂತು ಓದುತ್ತೇನೆ, ಅಲ್ಲಿಗೆ ಹೋದ ಮೇಲೂ. ಆಗಸ್ಟ್‌ನಲ್ಲಿ ಮೇಲ್ ಶುರು ಮಾಡಿ, ಡಿಸೆಂಬರ್ ತನಕ ಕಾಯಬೇಡಿ. ಕ್ಯಾಂಡೋಲಿಮ್ ದೋಣಿಗೆ ಸೆಪ್ಟೆಂಬರಿನಲ್ಲಿ ನನ್ನ ಜಾಗದಲ್ಲಿ ಒಬ್ಬ ಜೂನಿಯರ್ ಹುಡುಗಿ ಹೋಗುತ್ತಾಳೆ. ಗಾಳಿಗುಳ್ಳೆ ಸೇರದ ಹಾಗೆ ಮುಚ್ಚಳ ಹಾಕೋದನ್ನು ಹೋದ ವಾರ ಹೇಳಿಕೊಟ್ಟೆ. ತಳದ ಬಾಟಲಿ ಬಿಳಿ ಬಂದರೆ ಫೋಟೋ ಕಳಿಸು ಅಂದಿದ್ದೇನೆ.